ಪರಿವಿಡಿ ಪುಟಕ್ಕೆ ಎಷ್ಟು ಅಂಕ? ಕ್ಯೂ, ಕೆರಾಂಗ್, ಎನ್‌ಎಂಇ, ಮೋಜೋ

ಯಾವ ಪತ್ರಿಕೆ ಕೈಗೆ ಸಿಕ್ಕಿದರೂ ನಾನು ಮೊದಲು ತೆಗೆಯುವುದು ಪರಿವಿಡಿ ಪುಟ. ಕಸುಬಿನ ಚಾಳಿ. ಕನ್ನಡ ಮಾಸಪತ್ರಿಕೆಯೊಂದಕ್ಕೆ ಪುಟ ಕಟ್ಟುವುದು ನನ್ನ ಕೆಲಸ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಇಂಗ್ಲೆಂಡಿನ ಸಂಗೀತ ಪತ್ರಿಕೆಗಳು ಕಂಡರೆ ಬಿಡುವುದಿಲ್ಲ, ತಂದು ಇಟ್ಟುಕೊಳ್ಳುತ್ತೇನೆ. ಅವುಗಳಲ್ಲಿ ಬರುವ ಅರ್ಧಕ್ಕರ್ಧ ಬ್ಯಾಂಡುಗಳ ಒಂದು ಹಾಡನ್ನೂ ನಾನು ಕೇಳಿಲ್ಲ. ಮನೆಯಲ್ಲಿ ಇದಕ್ಕೆ ನಗುತ್ತಾರೆ, ನಗಲಿ.

ಬೇರೆ ಪತ್ರಿಕೆ ಬಿಟ್ಟು ಸಂಗೀತ ಪತ್ರಿಕೆಯೇ ಯಾಕೆ ಅಂದರೆ, ಪರಿವಿಡಿ ಕಟ್ಟುವುದು ಅಲ್ಲಿ ನಿಜಕ್ಕೂ ಕಷ್ಟ. ಕಥೆ, ಲೇಖನ, ಧಾರಾವಾಹಿ ಇರುವ ಪತ್ರಿಕೆಗೆ ಇಪ್ಪತ್ತು ಸಾಲು ಸಾಕು. ಸಂಗೀತ ಪತ್ರಿಕೆಯ ಒಂದು ಸಂಚಿಕೆಯಲ್ಲಿ ನೂರಾರು ಹೆಸರು ಬರುತ್ತವೆ. ಒಂದು ಬ್ಯಾಂಡ್ ಸುದ್ದಿಯಲ್ಲೂ ಇರುತ್ತದೆ, ಸಂದರ್ಶನದಲ್ಲೂ ಇರುತ್ತದೆ, ಹಿಂದುಗಡೆ ಆಲ್ಬಂ ವಿಮರ್ಶೆಯಲ್ಲಿ ಮತ್ತೆ ತಲೆ ಹಾಕುತ್ತದೆ. ಇಷ್ಟನ್ನೂ ಒಂದೋ ಎರಡೋ ಪುಟದಲ್ಲಿ ಹಿಡಿಸಬೇಕು, ನೋಡುವುದಕ್ಕೂ ಚೆನ್ನಾಗಿರಬೇಕು. ಅದೂ ಎಲ್ಲ ಮುಗಿದ ಮೇಲೆ. ಪತ್ರಿಕೆಯಲ್ಲಿ ಮೊದಲು ಬರುವ ಈ ಪುಟವನ್ನು ನಾವು ಕಟ್ಟುವುದು ಕೊನೆಗೆ. ಪ್ರೆಸ್ಸಿಗೆ ಹೋಗುವ ರಾತ್ರಿ ಒಂದು ಫುಲ್ ಪೇಜ್ ಜಾಹೀರಾತು ಬಂತು ಅಂದರೆ ಅದರ ಮುಂದಿನ ಪುಟಸಂಖ್ಯೆಗಳೆಲ್ಲ ಒಂದೊಂದು ಸರಿಯಬೇಕು.

ಕ್ಯೂ ಇಂದ ಶುರು ಮಾಡುತ್ತೇನೆ. ನನ್ನ ಹತ್ತಿರ ಜಾಸ್ತಿ ಇರುವುದು ಅದೇ. 1986ರಲ್ಲಿ ಮಾರ್ಕ್ ಎಲೆನ್ ಮತ್ತು ಡೇವಿಡ್ ಹೆಪ್‌ವರ್ತ್ ಶುರು ಮಾಡಿದ ಮಾಸಪತ್ರಿಕೆ. ಸಿಡಿ ಆಗಷ್ಟೇ ಮನೆಮನೆಗೆ ಬರುತ್ತಿದ್ದ ಕಾಲ. ಕೈಯಲ್ಲಿ ಒಂದಿಷ್ಟು ಕಾಸಿರುವ, ಸ್ವಲ್ಪ ವಯಸ್ಸಾದ ಕೇಳುಗರಿಗಾಗಿ ಮಾಡಿದ್ದು. 2020ರಲ್ಲಿ ನಿಂತಿತು. ಕೆಂಪು ಚೌಕದಲ್ಲಿ ಬಿಳಿ ಕ್ಯೂ ಅಕ್ಷರ, ಅದೇ ಅದರ ಗುರುತು. ಪರಿವಿಡಿ ಪುಟದಲ್ಲೂ ಕೆಂಪು, ಕಪ್ಪು, ಬಿಳಿ ಬಿಟ್ಟು ನಾಲ್ಕನೇ ಬಣ್ಣ ಹೆಚ್ಚಾಗಿ ಕಾಣುವುದಿಲ್ಲ. ಮೂರೇ ಬಣ್ಣದಲ್ಲಿ ಇಷ್ಟು ಮಾಡಬಹುದಾ ಅಂತ ನಾನು ವಿನ್ಯಾಸ ಕಲಿಯುವ ಹುಡುಗರಿಗೆ ತೋರಿಸುವುದು ಈ ಪುಟವನ್ನೇ.

2000ದ ದಶಕದ ಒಂದು ಸಂಚಿಕೆ ತೆಗೆದು ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಎಡಕ್ಕೆ ಕಿರಿದಾದ ಕಾಲಂ, ಅದರಲ್ಲಿ ಪ್ರಮುಖ ಲೇಖನಗಳು. ಪುಟಸಂಖ್ಯೆ ಕೆಂಪು, ಪಕ್ಕದಲ್ಲಿ ಕಲಾವಿದರ ಹೆಸರು ದಪ್ಪ ಅಕ್ಷರದಲ್ಲಿ, ಕೆಳಗೆ ಒಂದೆರಡು ಸಾಲು ವಿವರಣೆ. ಆಮೇಲೆ ‘ಪ್ರತಿ ತಿಂಗಳು’ ಅನ್ನುವ ಭಾಗ, ಅಂದರೆ ಕಾಯಂ ಅಂಕಣಗಳು. ವಿಮರ್ಶೆಗಳಿಗೆ ಬೇರೆಯದೇ ಒಂದು ಬಾಕ್ಸ್. ಉಳಿದ ಜಾಗವೆಲ್ಲ ಒಂದು ದೊಡ್ಡ ಚಿತ್ರಕ್ಕೆ, ಅದರ ಮೇಲೂ ಪುಟಸಂಖ್ಯೆ. ಕಣ್ಣು ಮೊದಲು ಚಿತ್ರಕ್ಕೆ ಹೋಗುತ್ತದೆ, ಅಲ್ಲಿಂದ ಕೆಂಪು ಅಂಕಿಗಳ ಸಾಲಿಗೆ ಇಳಿಯುತ್ತದೆ. ಆ ಅಂಕಿಗಳೆಲ್ಲ ಒಂದೇ ಗೆರೆಗೆ ಕೂತಿವೆ. ಒಂದಂಕಿ, ಎರಡಂಕಿ, ಮೂರಂಕಿ ಯಾವುದೇ ಬರಲಿ, ಪಕ್ಕದ ಹೆಸರು ಶುರುವಾಗುವ ಜಾಗ ಒಂಚೂರೂ ಅಲ್ಲಾಡುವುದಿಲ್ಲ. ಸಣ್ಣ ವಿಷಯ ಅನಿಸಬಹುದು. ಇದನ್ನು ಹಾಳು ಮಾಡಿಕೊಂಡ ಪರಿವಿಡಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ದೂರು ಒಂದೇ, ಆದರೆ ದೊಡ್ಡದು. ಪರಿವಿಡಿ 84 ಅನ್ನುತ್ತದೆ, ಸರಿ, 84 ಎಲ್ಲಿದೆ? ಒಳಗೆ ಅಂಚಿನವರೆಗೂ ಹರಡಿದ ಚಿತ್ರಗಳು, ಪೂರ್ತಿ ಪುಟದ ಜಾಹೀರಾತುಗಳು. ಅಂಥ ಪುಟದಲ್ಲಿ ಸಂಖ್ಯೆಯೇ ಹಾಕುವುದಿಲ್ಲ. 76 ಕಾಣಿಸಿತು, ಆಮೇಲೆ ಮಗುಚಿದ್ದೂ ಮಗುಚಿದ್ದೇ, ಮುಂದೆ ಕಾಣಿಸಿದ್ದು 88. ಮಿರುಗುವ ಕಾಗದದ ಪತ್ರಿಕೆಗಳಿಗೆಲ್ಲ ಈ ರೋಗ ಇದೆ, ಕ್ಯೂ ಒಂದನ್ನೇ ಬೈಯುವಂತಿಲ್ಲ. ಆದರೂ ಕೆಂಪು ಅಂಕಿಗೆ ಅಷ್ಟೊಂದು ಶೃಂಗಾರ ಮಾಡಿ ಒಳಗಡೆ ಆ ಅಂಕಿಯನ್ನೇ ಬಚ್ಚಿಟ್ಟರೆ ಹೇಗೆ? ಕ್ಯೂ ತನ್ನ ಆಲ್ಬಂ ವಿಮರ್ಶೆಗಳಿಗೆ ಐದಕ್ಕೆ ಇಷ್ಟು ಅಂತ ನಕ್ಷತ್ರ ಕೊಡುತ್ತಿತ್ತು. ನಾನು ಅದರ ಪರಿವಿಡಿಗೆ ನಾಲ್ಕು ಕೊಡುತ್ತೇನೆ.

ಕೆರಾಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1981ರಲ್ಲಿ ಸೌಂಡ್ಸ್ ಅನ್ನುವ ವಾರಪತ್ರಿಕೆಯ ಜೊತೆ ಪುರವಣಿಯಾಗಿ ಹುಟ್ಟಿದ್ದು. ಮೊದಲ ಸಂಚಿಕೆಯ ಮುಖಪುಟದಲ್ಲಿ ಎಸಿ/ಡಿಸಿ ಬ್ಯಾಂಡಿನ ಗಿಟಾರ್ ವಾದಕ ಆಂಗಸ್ ಯಂಗ್ ಇದ್ದ. ಹೆವಿ ಮೆಟಲ್ ಅನ್ನುವ ಅಬ್ಬರದ ರಾಕ್ ಸಂಗೀತ ಕೇಳುವ ಹುಡುಗರ ಪತ್ರಿಕೆ. ಅದರ ಪರಿವಿಡಿ ಪುಟ ಅಂದರೆ ಜಾತ್ರೆ. ಹಳದಿ, ಕಪ್ಪು, ಆಶ್ಚರ್ಯಸೂಚಕ ಚಿಹ್ನೆ, ಏಳೆಂಟು ಫೋಟೋ, ಪ್ರತಿ ಫೋಟೋದ ಮೂಲೆಯಲ್ಲಿ ಪುಟಸಂಖ್ಯೆ, ಸಂಪಾದಕರ ನಾಲ್ಕು ಮಾತು, ಚಂದಾದಾರರಾಗಿ ಅನ್ನುವ ಬಾಕ್ಸ್. ಉಸಿರಾಡುವುದಕ್ಕೆ ಜಾಗ ಇಲ್ಲ. ಆದರೆ ಒಂದು ಮಾತು ಒಪ್ಪಲೇಬೇಕು. ಹದಿನಾರು ವರ್ಷದ ಹುಡುಗ ಬ್ಯಾಂಡನ್ನು ಗುರುತಿಸುವುದು ಮುಖ ನೋಡಿ. ಅವನಿಗೆ ಫೋಟೋನೇ ಪರಿವಿಡಿ, ಪಕ್ಕದ ಅಕ್ಷರಗಳು ಸುಮ್ನೆ ಇರುತ್ತವೆ. ಕೆರಾಂಗ್ ಅಂಕ ಕೊಡುತ್ತಿದ್ದದ್ದು ‘ಕೆ’ ಅಕ್ಷರದಲ್ಲಿ, ಐದಕ್ಕೆ ಇಷ್ಟು ಅಂತ. ನನ್ನಿಂದ ಮೂರು ಕೆ.

ಈಗ ಎನ್‌ಎಂಇ. ಪೂರ್ತಿ ಹೆಸರು ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್, ಆ ಹೆಸರಿಟ್ಟುಕೊಂಡದ್ದು 1952ರಲ್ಲಿ. ಅದೇ ವರ್ಷ ನವೆಂಬರಿನಲ್ಲಿ ಬ್ರಿಟನ್ನಿನ ಮೊದಲ ಸಿಂಗಲ್ಸ್ ಚಾರ್ಟ್, ಅಂದರೆ ಹೆಚ್ಚು ಮಾರಾಟವಾದ ಹಾಡುಗಳ ಪಟ್ಟಿ, ಹಾಕಿದ ಪತ್ರಿಕೆ ಇದು. ಬಹಳ ಕಾಲ ನ್ಯೂಸ್‌ಪ್ರಿಂಟಿನಲ್ಲಿ ಟ್ಯಾಬ್ಲಾಯ್ಡ್ ಆಗಿ ಬಂತು, 1998ರಲ್ಲಿ ನ್ಯೂಸ್‌ಪ್ರಿಂಟ್ ಬಿಟ್ಟಿತು, ಆಮೇಲೆ ಮ್ಯಾಗಜಿನ್ ಆಕಾರಕ್ಕೆ ತಿರುಗಿತು. 2015ರಲ್ಲಿ ಪುಕ್ಕಟೆ ಹಂಚುವುದಕ್ಕೆ ಶುರು ಮಾಡಿದರು, 2018ರಲ್ಲಿ ಅಚ್ಚು ನಿಲ್ಲಿಸಿದರು. 2023ರಲ್ಲಿ ಮತ್ತೆ ಅಚ್ಚಿಗೆ ತಂದರು. ನಾನು ಹೇಳುವುದು 2010ರ ಆಸುಪಾಸಿನ ಸಂಚಿಕೆಗಳ ಪರಿವಿಡಿ. ನೋಡುವುದಕ್ಕೆ ಕ್ಯೂ ಮುಂದೆ ಏನೂ ಅಲ್ಲ. ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರದಲ್ಲಿ ವಿಭಾಗದ ಹೆಸರುಗಳು, ಮಧ್ಯದಲ್ಲಿ ಚಿತ್ರದ ಜೊತೆ ಒಂದು ಸುದ್ದಿ, ಕೆಳಗೆ ಚಂದಾ ಜಾಹೀರಾತು. ದಿನಪತ್ರಿಕೆಯ ಮುಖ ಇನ್ನೂ ಪೂರ್ತಿ ಅಳಿಸಿಲ್ಲ.

ಆದರೆ ಎಡಗಡೆ ನೋಡಿ. ಉದ್ದಕ್ಕೆ ಒಂದು ಸಪೂರ ಕಾಲಂ. ಬ್ಯಾಂಡ್ ಇಂಡೆಕ್ಸ್. ಆ ವಾರದ ಸಂಚಿಕೆಯಲ್ಲಿ ಬರುವ ಬ್ಯಾಂಡುಗಳ ಹೆಸರು ಅಕಾರಾದಿಯಲ್ಲಿ, ಎದುರಿಗೆ ಪುಟ. ಚಿತ್ರ ಇಲ್ಲ, ವಿವರಣೆ ಇಲ್ಲ, ಅಕ್ಷರ ಬಹಳ ಸಣ್ಣದು. ಪುಸ್ತಕದ ಹಿಂದೆ ಕೂರುವ ಸೂಚಿಯನ್ನು ಎತ್ತಿ ತಂದು ಪತ್ರಿಕೆಯ ಬಾಗಿಲಲ್ಲೇ ಕೂರಿಸಿದ್ದಾರೆ. ಯಾರು ಯೋಚಿಸಿದರೋ, ಅವರಿಗೆ ನನ್ನ ನಮಸ್ಕಾರ.

ಯಾಕೆ ಅಂತೀರಾ? ‘ಸುದ್ದಿ’, ‘ಲೈವ್’, ‘ರಾಡಾರ್’ ಅನ್ನುವ ವಿಭಾಗಗಳೆಲ್ಲ ಸಂಪಾದಕರ ಡೆಸ್ಕಿನ ಹಂಚಿಕೆ. ಯಾವ ಪುಟ ಯಾರ ಕೈಯಲ್ಲಿದೆ ಅಂತ ಆಫೀಸಿನವರಿಗೆ ಗೊತ್ತಾಗುವುದಕ್ಕೆ ಇರುವುದು. ಓದುಗ ಹಾಗೆ ಯೋಚಿಸುವುದಿಲ್ಲ. ಈ ವಾರ ಆರ್ಕ್‌ಟಿಕ್ ಮಂಕೀಸ್ ಬಗ್ಗೆ ಏನಾದರೂ ಇದೆಯಾ ಅಂತ ನೋಡುತ್ತಾನೆ. ಅವನಿಗೆ ಬೇಕಾದ್ದು ಹೆಸರು. ಅದು ಸುದ್ದಿಯೋ ವಿಮರ್ಶೆಯೋ ಆಮೇಲಿನ ಮಾತು. ಅಂಗಡಿಯಲ್ಲಿ ನಿಂತು ಕೊಳ್ಳಲೋ ಬೇಡವೋ ಅಂತ ಲೆಕ್ಕ ಹಾಕುವವನಿಗೂ ಈ ಕಾಲಂ ಅರ್ಧ ನಿಮಿಷದಲ್ಲಿ ಉತ್ತರ ಕೊಟ್ಟುಬಿಡುತ್ತದೆ. ಎನ್‌ಎಂಇ ಆಗ ಹತ್ತಕ್ಕೆ ಅಂಕ ಕೊಡುತ್ತಿದ್ದ ಪತ್ರಿಕೆ. ಒಂಬತ್ತು. ಚಂದಾ ಜಾಹೀರಾತು ಇನ್ನೊಂದು ಚೂರು ಸಣ್ಣದಾಗಿದ್ದರೆ ಹತ್ತೇ ಕೊಡುತ್ತಿದ್ದೆ.

ಈ ಕಾಲಂ ಮೇಲಿನ ಮೋಹಕ್ಕೆ ನಾನೂ ಒಂದು ಪ್ರಯೋಗ ಮಾಡಿದೆ. ಒಂದು ಸಂಗೀತ ಸಭೆಯವರು ರಾಮನವಮಿ ಕಛೇರಿಗಳಿಗೆ ಸ್ಮರಣ ಸಂಚಿಕೆ ಮಾಡಿಕೊಡಿ ಅಂತ ಬಂದಿದ್ದರು. ಸ್ಮರಣ ಸಂಚಿಕೆ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಮೊದಲ ಏಳೆಂಟು ಪುಟ ಗಣ್ಯರ ಶುಭ ಸಂದೇಶ, ಆಮೇಲೆ ಚಿನ್ನದಂಗಡಿ ಜಾಹೀರಾತು, ಅದು ದಾಟಿದ ಮೇಲೆ ಎಲ್ಲೋ ಒಂದು ಕಡೆ ಪರಿವಿಡಿ. ನಾನು ಪರಿವಿಡಿಯ ಎಡಕ್ಕೆ ‘ಕಲಾವಿದರ ಸೂಚಿ’ ಅಂತ ಒಂದು ಕಾಲಂ ಹಾಕಿದೆ. ಯಾರ ಪರಿಚಯ ಯಾವ ಪುಟದಲ್ಲಿ, ಅಷ್ಟೇ.

ಮೊದಲ ತೊಡಕು ಅಕ್ಷರದ್ದು. ಇಂಗ್ಲಿಷಿನಲ್ಲಿ ಸಾಲಿನ ಮೇಲೆ ಸಾಲು ಒತ್ತರಿಸಿ ಹಾಕಬಹುದು, ಏನೂ ಆಗುವುದಿಲ್ಲ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲಕ್ಕೇರುತ್ತದೆ, ಎರಡೂ ಡಿಕ್ಕಿ. ‘ಕೃಷ್ಣಸ್ವಾಮಿ’ ಕೆಳಗೆ ‘ಗೀತಾ’ ಅಂತ ಬಿಗಿಯಾಗಿ ಹಾಕಿ ನೋಡಿ, ಗೊತ್ತಾಗುತ್ತದೆ. ಅಕ್ಷರ 9 ಪಾಯಿಂಟ್ ಅಂದರೆ ಸಾಲಿನ ಅಂತರ 12ಕ್ಕೆ ಕಡಿಮೆ ಇಡುವ ಹಾಗಿಲ್ಲ. ಎನ್‌ಎಂಇ ಒಂದು ಕಾಲಂನಲ್ಲಿ ಮುಗಿಸುವುದಕ್ಕೆ ನಮಗೆ ಒಂದೂವರೆ ಬೇಕು.

ಅದಾದರೂ ಪರವಾಗಿಲ್ಲ, ಅಕಾರಾದಿಯದು ಅದಕ್ಕಿಂತ ದೊಡ್ಡ ತಲೆನೋವು. ಬೀಟಲ್ಸ್ ಅಂದರೆ ‘ಬಿ’ ಅಕ್ಷರಕ್ಕೆ ಹೋದರೆ ಆಯಿತು. ನಮ್ಮಲ್ಲಿ? ಮೈಸೂರು ವಾಸುದೇವಾಚಾರ್ಯರು ‘ಮ’ಗೆ ಬರುತ್ತಾರೋ ‘ವ’ಗೋ? ಟಿ. ಚೌಡಯ್ಯ ಅಂತ ಬರೆದರೆ ‘ಟ’, ಪಿಟೀಲು ಚೌಡಯ್ಯ ಅಂದರೆ ‘ಪ’, ಜನ ಹುಡುಕುವುದು ‘ಚ’ ಕೆಳಗೆ. ಬಾಲಮುರಳಿಕೃಷ್ಣ ಅವರನ್ನು ‘ಎಂ’ ಅಂತ ಯಾರಾದರೂ ಹುಡುಕುತ್ತಾರಾ? ಹೆಸರಿನ ಮೊದಲಿಗೆ ವಿದ್ವಾನ್, ವಿದುಷಿ ಸೇರಿಸಿಬಿಟ್ಟರೆ ಮುಗೀತು, ಎಲ್ಲರೂ ‘ವ’ಗೇ ಬಂದು ಕೂರುತ್ತಾರೆ. ನಾನು ಬಿರುದು, ಊರು, ಇನಿಷಿಯಲ್ ಎಲ್ಲ ಹಿಂದಕ್ಕೆ ಹಾಕಿ ಬರೀ ಹೆಸರಿನ ಮೊದಲಕ್ಷರದ ಮೇಲೆ ಜೋಡಿಸಿದೆ.

ಪ್ರೂಫ್ ನೋಡಿದ ಕಾರ್ಯದರ್ಶಿಗಳು ಫೋನ್ ಮಾಡಿದರು. “ಮೇಡಂ, ಎಲ್ಲ ಚೆನ್ನಾಗಿದೆ. ಆದರೆ ನಮ್ಮ ಹಿರಿಯ ವಿದ್ವಾಂಸರ ಹೆಸರು ಕೆಳಗೆ ಹೋಗಿಬಿಟ್ಟಿದೆಯಲ್ಲ. ಅವರ ಶಿಷ್ಯೆ ಮೇಲಿದ್ದಾಳೆ.”

“ಅಕಾರಾದಿ ಸಾರ್ ಅದು. ಯಾರು ದೊಡ್ಡವರು ಅಂತ ಅಲ್ಲ.”

“ನಮಗೆ ಗೊತ್ತು ಮೇಡಂ. ಅವರಿಗೆ ಯಾರು ಹೇಳೋದು?”

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಕಛೇರಿಯ ದಿನಾಂಕದ ಪ್ರಕಾರ ಜೋಡಿಸಿದೆವು. ಯಾರಿಗೂ ಬೇಜಾರಾಗಲಿಲ್ಲ. ನಿಜ ಹೇಳಬೇಕೆಂದರೆ ಕೇಳಲು ಬರುವವರಿಗೂ ಅದೇ ಅನುಕೂಲ. ಶನಿವಾರ ಸಂಜೆ ಯಾರದು ಅಂತ ಕೇಳುತ್ತಾರೆಯೇ ಹೊರತು ‘ಶ’ ಅಕ್ಷರದಲ್ಲಿ ಯಾರಿದ್ದಾರೆ ಅಂತ ಕೇಳುವುದಿಲ್ಲ. ಕಾಲಂ ಮಾತ್ರ ಉಳಿಯಿತು, ನಾನು ಅದನ್ನು ಬಿಟ್ಟುಕೊಡಲಿಲ್ಲ.

ಪರಿವಿಡಿ ಪುಟದ ಮಾತು ಬಂದಾಗ ದಿ ಫೇಸ್ ಬಿಟ್ಟು ಹೇಳುವುದು ಸಾಧ್ಯವಿಲ್ಲ. ಎನ್‌ಎಂಇ ಸಂಪಾದಕನಾಗಿದ್ದ ನಿಕ್ ಲೋಗನ್ 1980ರಲ್ಲಿ ಶುರು ಮಾಡಿದ ಪತ್ರಿಕೆ. ಸಂಗೀತದ ಜೊತೆ ಬಟ್ಟೆ, ಸಿನಿಮಾ, ಕ್ಲಬ್ಬು ಎಲ್ಲ ಇತ್ತು. ನೆವಿಲ್ ಬ್ರಾಡಿ 1981ರಿಂದ 1986ರವರೆಗೆ ಅದರ ವಿನ್ಯಾಸ ನೋಡಿಕೊಂಡ. 1984ರಲ್ಲಿ ಅವನು ಪರಿವಿಡಿ ಪುಟದ ತಲೆಬರಹವನ್ನೇ ಒಡೆಯುವುದಕ್ಕೆ ಕೂತ. ಒಂದು ಸಂಚಿಕೆಯಲ್ಲಿ ಅಕ್ಷರದ ಒಂದು ಕಾಲು ಹೋಯಿತು, ಮುಂದಿನದರಲ್ಲಿ ಇನ್ನಷ್ಟು ಹೋಯಿತು. ಹೀಗೇ ಕೆಲವು ತಿಂಗಳಾಗುವಷ್ಟರಲ್ಲಿ ಅಲ್ಲಿ ಉಳಿದದ್ದು ಬರೀ ಗೆರೆ, ಚುಕ್ಕೆ, ಆಕಾರ. ಓದುವುದಕ್ಕೆ ಬರುವುದಿಲ್ಲ. ಆದರೂ ಓದುಗರು ಅದನ್ನು ಪರಿವಿಡಿ ಅಂತಲೇ ಬಳಸಿದರು. ಈ ಸಂಚಿಕೆಗಳು ನನಗೆ ಸಿಕ್ಕಿಲ್ಲ. ಬ್ರಾಡಿಯ ಕೆಲಸಗಳ ಮೇಲೆ 1988ರಲ್ಲಿ ಬಂದ ಪುಸ್ತಕದಿಂದ ಗೆಳತಿ ತೆಗೆದುಕೊಟ್ಟ ಜೆರಾಕ್ಸ್ ಇದೆ.

ವಿನ್ಯಾಸ ಕಲಿಯುವ ಹುಡುಗರು ಇದನ್ನು ನೋಡಿ ಹುಚ್ಚರಾಗುತ್ತಾರೆ. ಆದರೆ ಅವನು ಒಡೆದದ್ದು ತಲೆಬರಹವನ್ನು. ಕೆಳಗಿನ ಪಟ್ಟಿಗೆ, ಪುಟಸಂಖ್ಯೆಗೆ ಕೈ ಹಾಕಲಿಲ್ಲ. ಪತ್ರಿಕೆಯ ಮೂರನೇ ನಾಲ್ಕನೇ ಪುಟದಲ್ಲಿ ಹೆಸರು ಮತ್ತು ಅಂಕಿಗಳ ಪಟ್ಟಿ ಕಂಡರೆ ಅದೇನು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ, ಅಲ್ವಾ? ಬೇಡದ ಸಾಮಾನನ್ನೇ ಆರಿಸಿ ಒಡೆದ. ನಮ್ಮ ಹುಡುಗರು ಮೊದಲು ಒಡೆಯುವುದು ಪುಟಸಂಖ್ಯೆಯನ್ನು.

ಕೊನೆಗೆ ಮೋಜೋ. 1993ರಲ್ಲಿ ಶುರುವಾಯಿತು, ಹಳೇ ರೆಕಾರ್ಡುಗಳ ಗೀಳು ಇರುವವರ ಪತ್ರಿಕೆ. ಪರಿವಿಡಿಯಲ್ಲಿ ಒಂದು ದೊಡ್ಡ ಫೋಟೋ, ಅದರ ಮೇಲೆ ಆ ಕಲಾವಿದರು ಹೇಳಿದ ಒಂದು ಮಾತು ದೊಡ್ಡ ಅಕ್ಷರದಲ್ಲಿ. ಲೇಖನಗಳ ಪಟ್ಟಿ ಬದಿಗೆ ಸರಿದು ಸಣ್ಣಗೆ ಕೂತಿರುತ್ತದೆ. ಚಂದ ಇದೆ, ಗೋಡೆಗೆ ಅಂಟಿಸಬಹುದು. ಹುಡುಕುವುದಕ್ಕೆ ಅಷ್ಟಕ್ಕಷ್ಟೆ. ಮೋಜೋ ಓದುಗ ಮೊದಲಿಂದ ಕೊನೆತನಕ ಒಂದು ಪುಟ ಬಿಡದೆ ಓದುವವನು, ಅವನಿಗೆ ದಾರಿ ತೋರಿಸಬೇಕಾಗಿಲ್ಲ ಅಂತ ಅವರ ಲೆಕ್ಕ ಇರಬೇಕು. ಕಾಯಂ ಅಂಕಣಗಳೂ ಇದ್ದ ಜಾಗ ಬಿಟ್ಟು ಕದಲುವುದಿಲ್ಲ. ಬ್ಯಾಂಡಿಗೆ ಸೇರಿದ್ದು ಹೇಗೆ, ಬಿಟ್ಟಿದ್ದು ಹೇಗೆ ಅಂತ ಒಬ್ಬ ಕಲಾವಿದ ಹೇಳಿಕೊಳ್ಳುವ ಅಂಕಣ ಯಾವಾಗಲೂ ಕೊನೆಯಲ್ಲೇ. ಐದಕ್ಕೆ ಮೂರು.

ಹಳೇ ಸಂಚಿಕೆ ಕೊಳ್ಳುವವರಿಗೆ ಒಂದು ಮಾತು. ಮೋಜೋ ಮುಖಪುಟದ ಮೇಲೂ ಪರಿವಿಡಿಯಲ್ಲೂ ಉಚಿತ ಸಿಡಿ ಅಂತ ದೊಡ್ಡದಾಗಿ ಹಾಕಿರುತ್ತಾರೆ. ಸಿಡಿ ಇದ್ದ ಜಾಗದಲ್ಲಿ ಗಟ್ಟಿಯಾದ ಗೋಂದಿನ ಕಲೆ ಬಿಟ್ಟು ಇನ್ನೇನೂ ಇರುವುದಿಲ್ಲ. ಅಂಗಡಿಯವರು ಸಿಡಿ ಸಮೇತ ರೇಟು ಹೇಳಿದರೆ ತೆಗೆದು ತೋರಿಸಿ ಅನ್ನಿ. ಬರೀ ಪುಟ ಕಟ್ಟುವುದನ್ನು ಕಲಿಯುವುದಕ್ಕೆ ಅಂದರೆ 2010ರ ಹಿಂದುಮುಂದಿನ ಎನ್‌ಎಂಇ ಒಂದು, ಕ್ಯೂ ಒಂದು ತಗೊಳ್ಳಿ, ಮೋಜೋ ಆಮೇಲೆ ನೋಡೋಣ.