ಹಾಳೆ ತಟ್ಟೆಯವರಿಗೆ ಸುಸ್ಥಿರತೆಯ ಪಾಠ: ಮೂರನೇ ವರ್ಷವೂ ಚಂದಾ ಕಟ್ಟಿದವನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ಪರಿಸರಕ್ಕೂ ಕೆಲಸಗಾರರಿಗೂ ಹಾನಿಯಿಲ್ಲದೆ ಉದ್ದಿಮೆ ನಡೆಸುವುದನ್ನು, ಅಂದರೆ ಸುಸ್ಥಿರತೆಯನ್ನು, ಕಂಪನಿಗಳಿಗೂ ಸಣ್ಣ ಘಟಕಗಳಿಗೂ ಕಲಿಸುವ ಈ ಕಲಿಕಾ ಜಾಲವನ್ನು ಬರೀ ವಿಡಿಯೊ ಪಾಠಗಳಿಗಾಗಿ ಸೇರುವುದಾದರೆ ದುಡ್ಡು ದಂಡ. ಅಲ್ಲಿ ಸಿಗುವ ಜನರಿಗಾಗಿ ಸೇರುವುದಾದರೆ, ಅವರ ಬೆನ್ನು ಹತ್ತಿ ಕೆಲಸ ಮಾಡಿಸಿಕೊಳ್ಳುವ ತಾಳ್ಮೆಯೂ ಇದ್ದರೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ. ಜಾಲದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅಲ್ಲಿರುವವರ ಜತೆ ಇನ್ನೂ ವ್ಯವಹಾರ ನಡೆಯುತ್ತಿದೆ, ಸುಮ್ನೆ ಯಾಕೆ ಕಹಿ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕರ್ನಾಟಕದ ಗಡಿಗೆ ತಾಗಿದ ಪೆರ್ಲದ ಹತ್ತಿರ ಅಡಿಕೆ ಹಾಳೆಯ ತಟ್ಟೆ, ದೊನ್ನೆ ಮಾಡುವ ಸಣ್ಣ ಘಟಕ. ನಾನು, ನನ್ನ ಭಾವ ಪಾಲುದಾರರು. ಪ್ರೆಸ್ಸಿನಲ್ಲಿ ಕೂರುವವರು ಊರಿನ ಹೆಂಗಸರೇ. ಕೇರಳದಲ್ಲಿ ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ 2020ರ ಜನವರಿಯಲ್ಲೇ ನಿಷೇಧ ಬಂತು. ದೇಶಕ್ಕೆಲ್ಲ ಬಂದದ್ದು 2022ರ ಜುಲೈ 1ರಂದು. ಆಮೇಲೆ ನಮಗೆ ಬೇಡಿಕೆ ಬಂತು, ಬೇಡಿಕೆಯ ಬೆನ್ನಿಗೆ ಪ್ರಶ್ನೆಗಳೂ ಬಂದವು. ಮದುವೆ ಮನೆಯವರು, ದೇವಸ್ಥಾನದವರು ಕೇಳುವುದು ರೇಟು ಒಂದನ್ನೇ. ದೊಡ್ಡ ಕಂಪನಿಗಳ ಕ್ಯಾಂಟೀನಿಗೆ ಮಾಲು ಹಾಕುವವರು ಹಾಗಲ್ಲ. ಕರೆಂಟು ಎಷ್ಟು, ನೀರು ಎಷ್ಟು, ಕೂಲಿ ಹೇಗೆ, ಹಾಳೆಗೆ ತೋಟಕ್ಕೆ ಬಿಡುವ ಮದ್ದು ತಾಗಿದೆಯಾ ಎಂದು ಫಾರಂ ಕಳಿಸುತ್ತಾರೆ. ಅವರೂ ಹವ್ಯಾಸಕ್ಕೆ ಕೇಳುವುದಲ್ಲ. ಷೇರುಪೇಟೆಯ ಮೊದಲ 1000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಎಂಬ ಪರಿಸರ, ಸಾಮಾಜಿಕ ಹೊಣೆಯ ವರದಿಯನ್ನು ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಕೊಡಲೇಬೇಕು. ಆ ವರದಿಯ ಖಾಲಿ ಚೌಕಗಳನ್ನು ತುಂಬಲು ಕೊನೆಗೆ ನಮ್ಮಂಥವರ ಬಾಗಿಲಿಗೆ ಬರುತ್ತಾರೆ. ಆ ಫಾರಂ ತುಂಬುವುದು ಕಲಿಯೋಣ ಎಂದೇ ನಾವು ಸೇರಿದ್ದು.

ಇಂಥ ಕೂಟಗಳಲ್ಲಿ ಎಲ್ಲಕ್ಕಿಂತ ದೊಡ್ಡದು ವಿಶ್ವಸಂಸ್ಥೆಯ ಗ್ಲೋಬಲ್ ಕಾಂಪ್ಯಾಕ್ಟ್. 2000ದ ಜುಲೈಯಲ್ಲಿ ಶುರುವಾದದ್ದು. ಮಾನವ ಹಕ್ಕು, ಕಾರ್ಮಿಕರು, ಪರಿಸರ, ಲಂಚದ ವಿರೋಧ, ಈ ನಾಲ್ಕು ವಿಷಯಗಳಲ್ಲಿ ಅದಕ್ಕೆ 10 ತತ್ವಗಳಿವೆ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಸುಸ್ಥಿರ ಅಭಿವೃದ್ಧಿಯ 17 ಗುರಿಗಳಲ್ಲಿ ಕೊನೆಯದು ಪಾಲುದಾರಿಕೆ. ನಮ್ಮ ಜಾಲ ಗ್ಲೋಬಲ್ ಕಾಂಪ್ಯಾಕ್ಟ್ ಅಲ್ಲ, ಅದಕ್ಕಿಂತ ತುಂಬಾ ಸಣ್ಣದು. ಆದರೆ ಹೊರಟದ್ದು ಆ 17ನೇ ಗುರಿಯನ್ನು ಹಿಡಿದುಕೊಂಡೇ. ಚಂದಾ ಕಟ್ಟಿದರೆ ಮೊಬೈಲಿನಲ್ಲಿ ಪಾಠ, ತಿಂಗಳಿಗೊಂದು ಆನ್‌ಲೈನ್ ಸಭೆ, ವರ್ಷಕ್ಕೊಂದು ಪ್ರಶ್ನಾವಳಿ ಸಿಗುತ್ತದೆ. ಜತೆಗೆ ‘ಜೋಡಿ ಯೋಜನೆ’ ಎಂಬುದೊಂದಿದೆ. ಒಂದು ದೊಡ್ಡ ಕಂಪನಿ, ಒಂದು ಸಣ್ಣ ಘಟಕ ಸೇರಿ ಒಂದು ವರ್ಷ ಏನಾದರೂ ಒಂದು ಕೆಲಸ ಮಾಡಬೇಕು. ಚಂದಾ ನಮ್ಮ ಒಂದು ಅಚ್ಚಿನ ಬೆಲೆಗಿಂತ ಕಡಿಮೆ. ಜಿಎಸ್‌ಟಿ ಬೇರೆ.

ಪಾಠಗಳ ಬಗ್ಗೆ ಜಾಸ್ತಿ ಬರೆಯುವುದಕ್ಕೆ ಏನೂ ಇಲ್ಲ. ಎಲ್ಲ ಇಂಗ್ಲಿಷು, ಕೆಲವಕ್ಕೆ ಹಿಂದಿ. ಉದಾಹರಣೆಗೆ ತೋರಿಸುವ ಕಾರ್ಖಾನೆಗಳಲ್ಲಿ ಪರಿಸರಕ್ಕೆಂದೇ ಒಬ್ಬ ಅಧಿಕಾರಿ ಇರುತ್ತಾನೆ. ನಮ್ಮಲ್ಲಿ ಆ ಅಧಿಕಾರಿ, ಲೆಕ್ಕಪತ್ರ, ಲೋಡಿಂಗು ಎಲ್ಲ ಭಾವನೇ. ಉಪಯೋಗಕ್ಕೆ ಬಂದದ್ದು ಇಂಗಾಲದ ಲೆಕ್ಕದ ಪಾಠ ಒಂದು. ನಮ್ಮ ದೇಶದ ಗ್ರಿಡ್ಡಿನಿಂದ ಒಂದು ಯುನಿಟ್ ಕರೆಂಟು ಬಳಸಿದರೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೆ ಬರುತ್ತದೆ. ಬಿಲ್ಲಿನಲ್ಲಿ 1000 ಯುನಿಟ್ ಇದ್ದರೆ 700 ಕಿಲೋ. ಇದಕ್ಕೆ ಸಲಹೆಗಾರರು ಬೇಕಾಗಿಲ್ಲ, ಕ್ಯಾಲ್ಕುಲೇಟರ್ ಸಾಕು. ಈ ಒಂದು ಗುಣಾಕಾರ ಗೊತ್ತಿಲ್ಲದೆ ದುಡ್ಡು ಕೊಟ್ಟು ವರದಿ ಬರೆಸಿದವರು ನಮ್ಮ ಸುತ್ತಮುತ್ತ ಇದ್ದಾರೆ.

ಜೋಡಿ ಯೋಜನೆ ಮಾತ್ರ ಬೇರೆಯೇ ಕಥೆ. ನಮಗೆ ಜೋಡಿಯಾಗಿ ಸಿಕ್ಕಿದ್ದು ಮಂಗಳೂರು ಕಡೆಯ ಒಂದು ಆಹಾರ ಕಂಪನಿ. ಅವರ ಇಂಜಿನಿಯರು ಒಬ್ಬರು ಬಂದು ಪ್ರೆಸ್ಸು ಪ್ರೆಸ್ಸಿಗೂ ಬೇರೆ ಬೇರೆ ಮೀಟರು ಹಾಕಿಸಿದರು. ನಮ್ಮ ಕರೆಂಟು ಹೋಗುವುದು ಮುಖ್ಯವಾಗಿ ಅಚ್ಚು ಬಿಸಿ ಮಾಡುವ ಹೀಟರಿಗೆ. ಹಾಳೆಯನ್ನು ತೊಳೆದು, ಹದವಾಗಿ ಒದ್ದೆ ಇರುವಾಗ ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಅಂಟು, ರಾಸಾಯನಿಕ ಏನೂ ಇಲ್ಲ. ಮೀಟರು ನೋಡಿದರೆ ಊಟದ ಹೊತ್ತಿನಲ್ಲೂ, ಚಹಾದ ಹೊತ್ತಿನಲ್ಲೂ ಯುನಿಟ್ ಓಡುತ್ತಲೇ ಇದೆ. ಇಂಜಿನಿಯರು ಅಲ್ಲಿದ್ದವರಿಗೆ ಹೇಳಿದರು, “ಅಕ್ಕಾ, ಊಟಕ್ಕೆ ಏಳುವಾಗ ಈ ಸ್ವಿಚ್ಚೊಂದು ಬಂದ್ ಮಾಡಿ.” ಅವರು ಅಲ್ಲೇ ಉತ್ತರ ಕೊಟ್ಟರು. “ಬಂದ್ ಮಾಡಿದರೆ ಬಂದ ಮೇಲೆ ಅಚ್ಚು ಬಿಸಿಯಾಗುವವರೆಗೆ ಸುಮ್ಮನೆ ಕೂತಿರಬೇಕು ಸಾರ್. ನಮಗೆ ಕೂಲಿ ತಟ್ಟೆಯ ಲೆಕ್ಕದಲ್ಲಿ.”

ಅಷ್ಟೇ ವಿಷಯ. ಕರೆಂಟು ಪೋಲಾಗುತ್ತಿದ್ದದ್ದು ಅಜಾಗ್ರತೆಯಿಂದ ಅಲ್ಲ, ಕೂಲಿಯ ಲೆಕ್ಕದಿಂದ. ಜಾಲದ ಪಾಠದಲ್ಲಿ ಕರೆಂಟು ಒಂದು ಅಧ್ಯಾಯ, ಕಾರ್ಮಿಕರು ಇನ್ನೊಂದು ಅಧ್ಯಾಯ. ನಮ್ಮ ಶೆಡ್ಡಿನಲ್ಲಿ ಎರಡೂ ಒಂದೇ ಸ್ವಿಚ್ಚಿನ ಮೇಲೆ ಕೂತಿದ್ದವು. ಗೋಡೆಗೆ “ಸ್ವಿಚ್ ಆರಿಸಿ” ಎಂದು ಬೋರ್ಡು ಹಾಕಿದ್ದರೆ ಒಂದು ಪೈಸೆಯೂ ಉಳಿಯುತ್ತಿರಲಿಲ್ಲ. ಆ ಅಕ್ಕನವರ ಜತೆಗೇ ಕೂತು ಮಾತಾಡಿದ ಮೇಲೆ ಊಟವನ್ನು ಎರಡು ಪಾಳಿ ಮಾಡಿದೆವು. ಅರ್ಧ ಜನ ಉಣ್ಣುವಾಗ ಉಳಿದರ್ಧ ಜನ ಬಿಸಿ ಅಚ್ಚುಗಳಲ್ಲಿ ಕೆಲಸ ಮಾಡುತ್ತಾರೆ, ಉಳಿದ ಪ್ರೆಸ್ಸುಗಳು ಬಂದ್. ಬೆಳಿಗ್ಗೆ ಅಚ್ಚು ಕಾಯುವ ಹೊತ್ತಿಗೆ ಬೇರೆ ಕೂಲಿ ಇಟ್ಟೆವು, ಆ ಹೊತ್ತಿನಲ್ಲಿ ಹಾಳೆ ವಿಂಗಡಿಸುವ ಕೆಲಸ. ಬಿಲ್ಲು ಇಳಿಯಿತು, ಕೂಲಿ ಇಳಿಯಲಿಲ್ಲ. ಆ ಕಂಪನಿಯವರಿಗೂ ಇದರಿಂದ ಬುದ್ಧಿ ಬಂತು. ಬೇರೆ ಘಟಕಗಳಿಗೆ ಕಳಿಸುವ ಫಾರಂನಲ್ಲಿ ಈಗ ಕೂಲಿ ದಿನದ ಲೆಕ್ಕವೋ ತುಂಡಿನ ಲೆಕ್ಕವೋ ಎಂದು ಒಂದು ಪ್ರಶ್ನೆ ಸೇರಿಸಿದ್ದಾರೆ.

ತಟ್ಟೆ ಕತ್ತರಿಸಿ ಉಳಿಯುವ ಅಂಚುಗಳದ್ದೂ ಒಂದು ದಾರಿಯಾಯಿತು. ಮೊದಲು ಗುಡ್ಡೆ ಹಾಕಿ ಸುಡುತ್ತಿದ್ದೆವು. ಜಾಲದ ಸಭೆಯಲ್ಲಿ ಪರಿಚಯವಾದ ಒಬ್ಬರು ಕಾಸರಗೋಡು ಗಿಡ್ಡ ತಳಿಯ ದನ ಸಾಕುತ್ತಾರೆ. ಹಾಳೆಯನ್ನು ಪುಡಿ ಮಾಡಿ ಮೇವಿಗೆ ಬಳಸಬಹುದು ಎಂದು ಹೇಳಿದವರು ಅವರೇ. ಆದರೆ ಒಂದು ಷರತ್ತು. ಕೊಳೆರೋಗಕ್ಕೆ ಮಳೆಗಾಲದಲ್ಲಿ ಬೋರ್ಡೊ ದ್ರಾವಣ ಬಿಡುತ್ತೇವಲ್ಲ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಆ ನೀಲಿ ಕಲೆ ಇರುವ ಹಾಳೆ ದನಕ್ಕೆ ಬೇಡ. ಹಾಗಾಗಿ ಈಗ ತೋಟದಿಂದ ತರುವಾಗಲೇ ಬೇರೆ ಕಟ್ಟು. ನೀಲಿ ಕಲೆಯದ್ದು ತಟ್ಟೆಗೂ ಬೇಡ ಎಂದು ತೀರ್ಮಾನಿಸಿದ್ದು ಆಮೇಲೆ. ತೋಟದವರು ಮೊದಮೊದಲು ಗೊಣಗಿದರು, ಈಗ ಸರಿಹೋಗಿದೆ. ಮೇವಿಗೆ ಆಗದ್ದು ಎರೆಗೊಬ್ಬರದ ತೊಟ್ಟಿಗೆ.

ಇನ್ನು ಸಿಟ್ಟು ಬರಿಸಿದ ಸಂಗತಿಗಳು.

ಒಂದು, ಗಡಿ. ನಮ್ಮ ಜಿಎಸ್‌ಟಿ ನಂಬರು ಕೇರಳದ್ದು. ಹಾಗಾಗಿ ಜಾಲದವರು ನಮ್ಮನ್ನು ಕೊಚ್ಚಿ ಗುಂಪಿಗೆ ಹಾಕಿದರು. ಕೊಚ್ಚಿ ಇಲ್ಲಿಂದ 400 ಕಿಲೋಮೀಟರ್ ಹತ್ತಿರ. ಗಡಿಯ ಅಡ್ಕಸ್ಥಳ ದಾಟಿ ಕರ್ನಾಟಕದ ಪುತ್ತೂರಿಗೆ ಹೋದರೆ ಕೆಲಸ ಮುಗಿಸಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ನಮ್ಮ ಹಾಳೆ ಬರುವುದು ಎರಡೂ ಕಡೆಯ ತೋಟಗಳಿಂದ, ಮಾಲು ಹೋಗುವುದು ಮಂಗಳೂರಿಗೆ, ಆಸ್ಪತ್ರೆಗೆ ಹೋಗುವುದೂ ಅಲ್ಲಿಗೇ. 2020ರ ಮಾರ್ಚ್‌ನಲ್ಲಿ ಕೊರೊನಾ ಎಂದು ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಇಲ್ಲಿ ಏನೇನಾಯಿತೆಂದು ಎಲ್ಲರಿಗೂ ಗೊತ್ತು. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದೇ ಎರಡೂ ರಾಜ್ಯದ ಬೆಳೆಗಾರರನ್ನು ಸೇರಿಸಿಕೊಂಡು. ಅಡಿಕೆಯವರಿಗೆ ಐವತ್ತು ವರ್ಷ ಹಿಂದೆ ಹೊಳೆದದ್ದು, ಪಾಲುದಾರಿಕೆಯ ಪಾಠ ಹೇಳುವ ಈ ಜಾಲದ ಕಂಪ್ಯೂಟರಿಗೆ ಹೊಳೆಯಲಿಲ್ಲ. ಮೇಲ್ ಮೇಲೆ ಮೇಲ್ ಬರೆದ ಮೇಲೆ ಮಂಗಳೂರು ಗುಂಪಿನಲ್ಲಿ ‘ಅತಿಥಿ’ ಎಂದು ಕೂರಲು ಬಿಟ್ಟರು. ಅತಿಥಿಗೆ ಮಾತಾಡಬಹುದು, ಮತ ಇಲ್ಲ. ಇದು ಸಣ್ಣ ವಿಷಯ ಅಲ್ವಾ ಅಂತ ಅವರ ಸಿಬ್ಬಂದಿ ಕೇಳಿದರು. ಮುಂದಿನ ವರ್ಷದ ಜೋಡಿಗಳು ನಿರ್ಧಾರವಾಗುವುದು ಆ ಮತದಿಂದಲೇ.

ಇನ್ನೊಂದು ಪ್ರಶ್ನಾವಳಿ. “ನಿಮ್ಮ ನೀರಿನ ಮೂಲ ಯಾವುದು?” ನಗರಸಭೆ, ಕೊಳವೆಬಾವಿ, ಟ್ಯಾಂಕರು, ಹೊಳೆ. ನಮ್ಮದು ಸುರಂಗ. ಗುಡ್ಡದ ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದದ್ದು. ಪಂಪು ಬೇಡ, ನೀರು ತಾನಾಗಿ ಹರಿದು ತೊಟ್ಟಿಗೆ ಬೀಳುತ್ತದೆ. ಕರೆಂಟೇ ಇಲ್ಲದೆ ನೀರು ಬರುವ ವ್ಯವಸ್ಥೆಗೆ ಸುಸ್ಥಿರತೆಯ ಪ್ರಶ್ನಾವಳಿಯಲ್ಲಿ ಒಂದು ಚೌಕ ಇಲ್ಲ. ‘ಇತರೆ’ ಎಂದು ಒತ್ತಿದ್ದಕ್ಕೆ ನಮ್ಮ ಅಂಕ ಕಡಿಮೆಯಾಯಿತು. ನಗು ಬಂತು, ಬಿಟ್ಟೆ.

ನಗು ಬಾರದ ಒಂದು ಸಂದರ್ಭ ಇತ್ತು. ವ್ಯಾಪಾರ ಮತ್ತು ಮಾನವ ಹಕ್ಕು ಎಂಬ ವಿಷಯದ ಆನ್‌ಲೈನ್ ತರಗತಿಯಲ್ಲಿ ದೂರದ ದೇಶಗಳ ಗಣಿಗಳ ಉದಾಹರಣೆ ಕೊಡುತ್ತಿದ್ದರು. ಪೆರ್ಲ ಇರುವುದು ಎಣ್ಮಕಜೆ ಪಂಚಾಯತಿನಲ್ಲಿ. ಇಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಸರ್ಕಾರಿ ತೋಟಗಾರಿಕಾ ನಿಗಮದ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷಕಾರಿ ಕೀಟನಾಶಕ ಬಿಟ್ಟರು. 2000ದ ಹೊತ್ತಿಗೆ ಅದು ನಿಂತಿತು. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದು ಹೇಳಿದ್ದು 2017ರಲ್ಲಿ. ಮಾನವ ಹಕ್ಕಿನ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾ ಎಂದು ಬರೆದು ಕೇಳಿದೆ. ಅವರು ಮುಂದಿನ ಸಲದ ತರಗತಿಯಲ್ಲಿ ಸೇರಿಸಿದರು, ಅದಕ್ಕೆ ಮೆಚ್ಚುಗೆ ಹೇಳಲೇಬೇಕು. ಕಾಸರಗೋಡಿನ ಮಾಲು ಎಂದ ಕೂಡಲೇ ಹೊರಗಿನ ಖರೀದಿದಾರರು ಮದ್ದಿನ ಪ್ರಶ್ನೆಯನ್ನೇ ಮೊದಲು ಕೇಳುವುದು ಯಾಕೆ ಎಂದು ಆಮೇಲೆ ಅಲ್ಲಿಯ ಹಲವರಿಗೆ ಅರ್ಥವಾಯಿತು.

2025ರ ಮೇ ತಿಂಗಳಲ್ಲಿ ಇನ್ನೊಂದು ಪೆಟ್ಟು. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಾಳೆ ತಟ್ಟೆಗಳನ್ನು ಊಟಕ್ಕೆ ಬಳಸಬಾರದು ಎಂದಿತು. ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಅಂಶಗಳು ತಟ್ಟೆಯಿಂದ ಊಟಕ್ಕೆ ಇಳಿಯಬಹುದು ಎಂಬ ಆತಂಕ ಅವರದ್ದು. ನಾವು ನೇರ ರಫ್ತು ಮಾಡುವವರಲ್ಲ, ಆದರೆ ನಮ್ಮಿಂದ ಕೊಂಡು ಕಳಿಸುವವರಿದ್ದಾರೆ. ಸುದ್ದಿ ನಮಗೆ ಸಿಕ್ಕಿದ್ದು ಜಾಲದ ಕಚೇರಿಯಿಂದಲ್ಲ, ಗುಂಪಿನ ಒಬ್ಬ ಸದಸ್ಯರ ವಾಟ್ಸ್ಯಾಪಿನಿಂದ. ಆ ರಾತ್ರಿಯೇ ಐದಾರು ಘಟಕದವರು ಫೋನಿನಲ್ಲಿ ಮಾತಾಡಿದೆವು. ಯಾರ ಮಾಲು ಎಲ್ಲಿ ನಿಂತಿದೆ, ಯಾವ ಪರೀಕ್ಷೆ ಮಾಡಿಸಬೇಕು, ಖರ್ಚು ಹೇಗೆ ಹಂಚಿಕೊಳ್ಳುವುದು, ಎಲ್ಲ. ಜಾಲದ ಅಧಿಕೃತ ಸಭೆ ಬಂದದ್ದು ತುಂಬಾ ತಡವಾಗಿ, ಅದರಲ್ಲೂ ಅರ್ಧ ಹೊತ್ತು ಸ್ವಾಗತ ಭಾಷಣ. ‘ಸಂಪೂರ್ಣ ಸುರಕ್ಷಿತ ಪರ್ಯಾಯ’ ಎಂದು ನಮ್ಮ ತಟ್ಟೆಯನ್ನು ಹೊಗಳಿದ್ದ ಅವರ ಪಾಠವೊಂದು ಆ ವಾರದಲ್ಲೇ ಸದ್ದಿಲ್ಲದೆ ಮಾಯವಾಯಿತು. ಹೊಗಳುವಾಗ ಪರೀಕ್ಷೆಯ ವರದಿ ಕೇಳಿರಲಿಲ್ಲ, ತೆಗೆಯುವಾಗ ಒಂದು ಸಾಲು ವಿವರಣೆಯೂ ಇಲ್ಲ. ಮಣ್ಣಿನಲ್ಲಿ ಕರಗುತ್ತದೆ ಎಂಬುದು ಒಂದು ಮಾತು, ಊಟಕ್ಕೆ ಸುರಕ್ಷಿತ ಎಂಬುದು ಬೇರೆ ಮಾತು. ಎರಡಕ್ಕೂ ಬೇರೆ ಬೇರೆ ಪರೀಕ್ಷೆ ಬೇಕು. ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐ, ಕಾಸರಗೋಡಿನಲ್ಲೇ ಇದೆ. ಅಂಥ ಕಡೆಯ ವಿಜ್ಞಾನಿಗಳನ್ನು ಕರೆದು ಕೂರಿಸುವುದೇ ಇಂಥ ಜಾಲದ ನಿಜವಾದ ಕೆಲಸ ಎಂದು ನಾವು ಬರೆದು ಕೊಟ್ಟಿದ್ದೇವೆ.

ಇಷ್ಟೆಲ್ಲ ಇದ್ದರೂ ಮತ್ತೆ ಚಂದಾ ಯಾಕೆ ಕಟ್ಟಿದೆ ಎಂದು ಭಾವ ಕೇಳಿದ. ಆ ರಾತ್ರಿ ಫೋನಿಗೆ ಸಿಕ್ಕಿದ ಐದಾರು ಜನ ಪರಿಚಯವಾದದ್ದು ಈ ಜಾಲದಲ್ಲೇ. ಅದಕ್ಕೆ ಮುಂಚೆ ನಾವೆಲ್ಲ ಒಬ್ಬರ ರೇಟನ್ನು ಇನ್ನೊಬ್ಬರು ಮುರಿಯುತ್ತಾ ಇದ್ದವರು.

ಸೇರಬೇಕೆಂದಿರುವವರಿಗೆ ಎರಡು ಮಾತು. ಮನೆಮಂದಿ ಮಾತ್ರ ದುಡಿಯುವ ಘಟಕವಾದರೆ ಸದ್ಯಕ್ಕೆ ಬೇಡ, ಫಾರಂ ತುಂಬುವುದರಲ್ಲೇ ವರ್ಷ ಹೋಗುತ್ತದೆ. ದೊಡ್ಡ ಖರೀದಿದಾರರು ಈಗಾಗಲೇ ಪ್ರಶ್ನೆ ಕೇಳುತ್ತಿದ್ದರೆ ಮಳೆಗಾಲಕ್ಕೆ ಮುಂಚೆಯೇ ಸೇರಿ. ಮಳೆ ಹಿಡಿದರೆ ಹೊಸ ಹಾಳೆಗೆ ಬೂಷ್ಟು ಬರುತ್ತದೆ, ಒಳಗೆ ಒಟ್ಟಿದ ಒಣ ಹಾಳೆ ಇದ್ದಷ್ಟೇ ಕೆಲಸ. ಜೋಡಿ ಕಂಪನಿಯವರನ್ನು ಕರೆಸಿ ಮೀಟರು ಹಾಕಿಸಲು ಆಗ ಪುರುಸೊತ್ತು ಸಿಗುತ್ತದೆ. ಅರ್ಜಿಯಲ್ಲಿ ‘ಪ್ರದೇಶ’ ಎಂಬ ಚೌಕದಲ್ಲಿ ಜಿಲ್ಲೆಯ ಹೆಸರು ಬರೆದು ಸುಮ್ಮನಾಗಬೇಡಿ, ಮಂಗಳೂರು ಗುಂಪು ಬೇಕೆಂದು ಪಕ್ಕದಲ್ಲೇ ಬರೆಯಿರಿ. ಈಗ ಗಡಿ ಈಚೆಯ ನಾಲ್ಕು ಘಟಕದವರು ಹಾಗೆ ಬರೆದಿದ್ದೇವೆ, ಇನ್ನೂ ಕೆಲವರು ಸೇರಿದರೆ ‘ಅತಿಥಿ’ ಎಂಬ ಪಟ್ಟ ತೆಗೆಯುವ ಬಗ್ಗೆ ಯೋಚಿಸುತ್ತೇವೆ ಎಂದಿದ್ದಾರೆ.