ಪ್ಯಾರಸೈಟ್: ಹೊಟ್ಟೆಕಿಚ್ಚು ಹೊತ್ತಿಕೊಳ್ಳುವುದು ಯಾವಾಗ?

ಇಷ್ಟು ವರ್ಷ ಆದ ಮೇಲೆ ಕೊರಿಯಾದ ಸಿನಿಮಾ ಪ್ಯಾರಸೈಟ್‌ಗೆ ಈಗೇನು ವಿಮರ್ಶೆ ಅಂತ ಕೇಳಬಹುದು. ನಿಜ. 2019ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ, 2020ರಲ್ಲಿ ನಾಲ್ಕು ಆಸ್ಕರ್, ಇಂಗ್ಲಿಷ್ ಅಲ್ಲದ ಸಿನಿಮಾಗೆ ಮೊದಲ ಸಲ ಅತ್ಯುತ್ತಮ ಚಿತ್ರದ ಪಟ್ಟ, ಎಲ್ಲ ಹಳೇ ಸುದ್ದಿ. ಆದರೆ ಹೋದ ಭಾನುವಾರ ಮೂರನೇ ಸಲ ನೋಡಿದೆ. ತುಮಕೂರಿನ ನಮ್ಮ ರೂಮಿನಲ್ಲಿ, ರೂಮ್‌ಮೇಟ್‌ನ ಲ್ಯಾಪ್‌ಟಾಪಿನಲ್ಲಿ. ಅವನು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ, ಅವನಿಗೆ ಇದು ಮೊದಲ ಸಲ. ನಾನು ಮನೆ ಮನೆಗೆ ಹೋಗಿ ಲೆಕ್ಕ ಪಾಠ ಮಾಡುವವನು. ಈ ಸಲ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು, ಕಥೆ ಎಲ್ಲಿ ತಿರುಗುತ್ತದೆ ಅಂತ ಗುರುತು ಹಾಕುತ್ತಾ ಕೂತೆ.

ಮುಂದೆ ಕಥೆ ಪೂರ್ತಿ ಬಿಚ್ಚಿಡುತ್ತಿದ್ದೇನೆ. ನೋಡಿಲ್ಲದವರು ಮೊದಲು 132 ನಿಮಿಷ ಕೊಟ್ಟು ನೋಡಿಬನ್ನಿ.

ಎಲ್ಲರೂ ಇದನ್ನು ಬಡವರು ಶ್ರೀಮಂತರ ಮೇಲೆ ಹೊಟ್ಟೆ ಉರಿದುಕೊಳ್ಳುವ ಕಥೆ ಅನ್ನುತ್ತಾರೆ. ನನ್ನ ನೋಟ್‌ಬುಕ್ ಬೇರೆ ಹೇಳಿತು. ಮೊದಲ ಒಂದು ಗಂಟೆ ಯಾರಿಗೂ ಹೊಟ್ಟೆಕಿಚ್ಚೇ ಇಲ್ಲ! ಬರೀ ಹಸಿವು ಇದೆ, ಆಸೆ ಇದೆ, ಚಾಲಾಕಿತನ ಇದೆ. ಅರ್ಧ ನೆಲಮಾಳಿಗೆಯ ಮನೆಯಲ್ಲಿ ಪಿಜ್ಜಾ ಡಬ್ಬ ಮಡಚಿ ಬದುಕುವ ನಾಲ್ಕು ಜನ. ಮಗ ಸುಳ್ಳು ಸರ್ಟಿಫಿಕೇಟ್ ಹಿಡಿದು ಪಾರ್ಕ್ ಅನ್ನುವ ಸಿರಿವಂತರ ಮನೆಗೆ ಇಂಗ್ಲಿಷ್ ಪಾಠಕ್ಕೆ ಹೋಗುತ್ತಾನೆ. ತಂಗಿಯನ್ನು ಡ್ರಾಯಿಂಗ್ ಟೀಚರ್ ಮಾಡುತ್ತಾನೆ. ಆಮೇಲೆ ಅಪ್ಪ ಡ್ರೈವರ್, ಅಮ್ಮ ಅಡುಗೆಯವಳು. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದವರ ಹಾಗೆ ನಾಟಕ. ಮನೆಯವರು ಕ್ಯಾಂಪಿಂಗ್‌ಗೆ ಹೋದಾಗ ಅವರದೇ ಸೋಫಾ ಮೇಲೆ ಕೂತು ಅವರದೇ ಎಣ್ಣೆ ಕುಡಿಯುತ್ತಾ ಅಪ್ಪ ಏನು ಹೇಳುತ್ತಾನೆ ಗೊತ್ತಾ? ಇವರು ಶ್ರೀಮಂತರಾದರೂ ಒಳ್ಳೆಯವರು ಅಂತ. ಹೊಟ್ಟೆ ಉರಿಯುವವನು ಹಾಗೆ ಮಾತಾಡುತ್ತಾನಾ?

ಹಾಗಾದರೆ ಕೊನೆಯಲ್ಲಿ ಅದೇ ಅಪ್ಪ ಅದೇ ಒಳ್ಳೆಯವನ ಎದೆಗೆ ಚಾಕು ಹಾಕುವುದು ಹೇಗೆ? ಚಿತ್ರಕಥೆಯ ಕಸುಬೆಲ್ಲ ಇರುವುದು ಇಲ್ಲೇ. ಒಂದೇ ಏಟಿಗೆ ಬೆಂಕಿ ಹಚ್ಚಿಲ್ಲ. ಸೌದೆ ಜೋಡಿಸುತ್ತಾ ಹೋಗಿದ್ದಾರೆ.

ಸೌದೆ ಅಂದರೆ ವಾಸನೆ. ನಾಲ್ಕು ಸಲ ಬರುತ್ತದೆ, ನಾನು ಎಣಿಸಿದೆ. ಮೊದಲ ಸಲ ತಮಾಷೆಯಾಗಿ. ಆ ಮನೆಯ ಚಿಕ್ಕ ಹುಡುಗ ಬಂದು ಡ್ರೈವರನ್ನೂ ಅಡುಗೆಯವಳನ್ನೂ ಮೂಸಿ ನೋಡಿ, ಇವರಿಬ್ಬರದೂ ಒಂದೇ ವಾಸನೆ ಅಂತ ಹೇಳಿಬಿಡುತ್ತಾನೆ. ನಾವು ನಗುತ್ತೇವೆ, ಸಿಕ್ಕಿಬಿದ್ದರಾ ಅಂತ ಅಷ್ಟೇ ಯೋಚನೆ. ರಾತ್ರಿ ಮನೆಗೆ ಹೋಗಿ ಸೋಪು ಬದಲಿಸಬೇಕಾ ಅಂತ ಅವರು ಚರ್ಚೆ ಮಾಡುವಾಗ ಮಗಳು ಹೇಳುತ್ತಾಳೆ, ಇದು ಸೋಪಿನದಲ್ಲ, ಈ ನೆಲಮಾಳಿಗೆಯ ವಾಸನೆ, ಮನೆ ಬಿಟ್ಟರೇ ಹೋಗುವುದು. ಎರಡನೇ ಸಲ ಕತ್ತಲಲ್ಲಿ, ಕ್ಯಾಂಪಿಂಗ್‌ಗೆ ಹೋದವರು ದಿಢೀರ್ ವಾಪಸ್ ಬಂದ ರಾತ್ರಿ. ಅಪ್ಪ, ಮಗ, ಮಗಳು ಮೂವರೂ ಟೇಬಲ್ ಕೆಳಗೆ ಉಸಿರು ಬಿಗಿಹಿಡಿದು ಮಲಗಿದ್ದಾರೆ. ಒಂದೆರಡು ಅಡಿ ದೂರದ ಸೋಫಾ ಮೇಲೆ ಯಜಮಾನ ಹೆಂಡತಿಗೆ ಡ್ರೈವರ್‌ನ ವಾಸನೆ ವಿವರಿಸುತ್ತಿದ್ದಾನೆ. ಬೈಯುತ್ತಿಲ್ಲ, ಸುಮ್ನೆ ವಿವರಿಸುತ್ತಿದ್ದಾನೆ. ಮಕ್ಕಳ ಮುಂದೆ ಅಪ್ಪ ಅದನ್ನು ಕೇಳಿಸಿಕೊಳ್ಳಬೇಕು. ಅಲ್ಲಿ ಹಿನ್ನೆಲೆ ಸಂಗೀತ ಸುರಿದು ಅಳಿಸಬಹುದಿತ್ತು, ನಿರ್ದೇಶಕ ಬಾಂಗ್ ಜೂನ್ ಹೋ ಆ ಕೆಲಸಕ್ಕೆ ಹೋಗಿಲ್ಲ.

ಮೂರನೆಯದು ಕಾರಿನಲ್ಲಿ. ನನಗೆ ಇಡೀ ಸಿನಿಮಾದಲ್ಲಿ ಬಹಳ ಕಷ್ಟವಾದ ದೃಶ್ಯ ಇದೇ. ಹಿಂದಿನ ರಾತ್ರಿ ಮಳೆಗೆ ಇವರ ಮನೆ ಮುಳುಗಿದೆ, ಚರಂಡಿ ನೀರಿನಲ್ಲಿ ಈಜಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬಂದು ಜಿಮ್ ಹಾಲಿನ ನೆಲದ ಮೇಲೆ ಮಲಗಿ ಎದ್ದಿದ್ದಾರೆ. ಬೆಳಿಗ್ಗೆ ಯಜಮಾನಿಯ ಫೋನು, ಮಗನ ಬರ್ತ್‌ಡೇ ಪಾರ್ಟಿ ಇದೆ, ಬನ್ನಿ. ಅಪ್ಪ ಕಾರು ಓಡಿಸುತ್ತಿದ್ದಾನೆ. ಅವಳು ಹಿಂದಿನ ಸೀಟಿನಲ್ಲಿ ಕಾಲು ಮೇಲೆ ಹಾಕಿಕೊಂಡು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಾಳೆ, ಮಳೆ ಬಂದಿದ್ದು ಒಳ್ಳೆಯದೇ ಆಯಿತು, ಆಕಾಶ ಎಷ್ಟು ಚೆನ್ನಾಗಿದೆ ಅಂತ. ಮಾತಿನ ಮಧ್ಯೆ ಮೂಗು ಮುಚ್ಚಿಕೊಂಡು ಕಿಟಕಿ ಇಳಿಸುತ್ತಾಳೆ. ಅಷ್ಟೇ. ಅವಳಿಗೆ ತಾನು ಏನು ಮಾಡಿದೆ ಅನ್ನುವುದೂ ಗೊತ್ತಿಲ್ಲ.

ನಾಲ್ಕನೆಯದು ಪಾರ್ಟಿಯಲ್ಲಿ, ಅದಕ್ಕೆ ಆಮೇಲೆ ಬರುತ್ತೇನೆ.

ಆ ಕಾರಿನ ದೃಶ್ಯ ಬಂದಾಗೆಲ್ಲ ನನಗೆ ಒಂದು ಫ್ಯಾನು ನೆನಪಾಗುತ್ತದೆ. ನಾನು ಪಾಠ ಶುರು ಮಾಡಿದ ಹೊಸದರಲ್ಲಿ ಅಶೋಕ ನಗರದ ಕಡೆ ಒಂದು ದೊಡ್ಡ ಮನೆಗೆ ಹೋಗುತ್ತಿದ್ದೆ, ಎಸ್ಎಸ್ಎಲ್‌ಸಿ ಹುಡುಗ. ಕ್ಯಾತ್ಸಂದ್ರದಿಂದ ಸೈಕಲ್ ತುಳಿದುಕೊಂಡು, ಮಾರ್ಚ್ ತಿಂಗಳ ಬಿಸಿಲಿನಲ್ಲಿ. ನಾನು ಕೂತ ತಕ್ಷಣ ಆಂಟಿ ಬಂದು ಫ್ಯಾನ್ ಐದಕ್ಕೆ ತಿರುಗಿಸಿ ಹೋದರು. ಪಾಪ ಬಿಸಿಲಲ್ಲಿ ಬಂದಿದ್ದಾರೆ ಅಂತಲೋ, ಬೇರೆ ಕಾರಣಕ್ಕೋ, ಇವತ್ತಿಗೂ ಗೊತ್ತಿಲ್ಲ. ಅವರು ಒಳ್ಳೆಯವರೇ, ದಿನಾ ಕಾಫಿ ಕೊಡುತ್ತಿದ್ದರು. ಆದರೆ ಮರುದಿನದಿಂದ ನಾನು ಬ್ಯಾಗಿನಲ್ಲಿ ಇನ್ನೊಂದು ಶರ್ಟ್ ಇಟ್ಟುಕೊಂಡು ಹೋಗಿ, ಪೆಟ್ರೋಲ್ ಬಂಕಿನ ಶೌಚಾಲಯದಲ್ಲಿ ಬದಲಿಸಿ, ಆಮೇಲೆ ಅವರ ಗೇಟು ತೆಗೆಯುತ್ತಿದ್ದೆ. ಬಾಂಗ್ ಕೂಡ ಕಾಲೇಜು ದಿನಗಳಲ್ಲಿ ಸಿರಿವಂತರ ಮನೆಯೊಂದಕ್ಕೆ ಪಾಠ ಹೇಳಲು ಹೋಗುತ್ತಿದ್ದರಂತೆ, ಈ ಕಥೆಯ ಬೀಜ ಅಲ್ಲಿಯದೇ. ಅಲ್ಲಿ ಹೋಗಿ ಕೂತವನಿಗೇ ಇಂಥದ್ದು ಕಾಣುವುದು ಅಂತ ನನಗನ್ನಿಸುತ್ತದೆ.

ಇನ್ನು ಕಥೆಯ ನಡು. ಸುಮಾರು ಒಂದು ಗಂಟೆಯ ಹೊತ್ತಿಗೆ, ಮಳೆ ರಾತ್ರಿ, ಕಾಲಿಂಗ್ ಬೆಲ್ ಹೊಡೆಯುತ್ತದೆ. ಇವರೇ ಕುತಂತ್ರ ಮಾಡಿ ಓಡಿಸಿದ ಹಳೇ ಕೆಲಸದವಳು ಬಾಗಿಲಲ್ಲಿ ನಿಂತಿದ್ದಾಳೆ, ಏನೋ ಮರೆತು ಹೋಗಿದ್ದೀನಿ ಅನ್ನುತ್ತಾಳೆ. ನಮ್ಮ ಟಾಕೀಸಿನಲ್ಲಾದರೆ ಅಲ್ಲೇ ಇಂಟರ್‌ವಲ್ ಬೀಳುತ್ತಿತ್ತು. ರೂಮ್‌ಮೇಟ್ ಅಲ್ಲಿಯವರೆಗೆ ನಕ್ಕು ನಕ್ಕು ಸುಸ್ತಾಗಿದ್ದವನು, ಎದ್ದು ಕೂತು "ಗುರೂ, ತೆಗೀಬೇಡ ಗುರೂ ಬಾಗಿಲು" ಅಂದ. ತೆಗೆಯುತ್ತಾರೆ. ಆ ಮನೆಯ ಕೆಳಗೆ ಇನ್ನೊಂದು ಮನೆ ಇದೆ. ಸಾಲಗಾರರ ಕಾಟಕ್ಕೆ ಅವಳ ಗಂಡ ನಾಲ್ಕು ವರ್ಷದಿಂದ ಅಲ್ಲಿ ಬಚ್ಚಿಟ್ಟುಕೊಂಡಿದ್ದಾನೆ.

ಗುಬ್ಬಿ ವೀರಣ್ಣನವರ ಕಂಪನಿ ಹುಟ್ಟಿದ ಜಿಲ್ಲೆಯವರು ನಾವು, ಇದನ್ನು ನಾಟಕದ ಭಾಷೆಯಲ್ಲೇ ಹೇಳಿಬಿಡುತ್ತೇನೆ. ಕಂಪನಿ ನಾಟಕಗಳಲ್ಲಿ ಮುಂದೆ ಬೀದಿಯ ಪರದೆ ಬಿಟ್ಟು ಆಳುಗಳ ಹಾಸ್ಯ ನಡೆಸುತ್ತಾರೆ, ಅಷ್ಟರಲ್ಲಿ ಹಿಂದೆ ಅರಮನೆ ಜೋಡಿಸುತ್ತಾರೆ. ಪರದೆ ಎದ್ದರೆ ದರ್ಬಾರು. ಪ್ಯಾರಸೈಟ್‌ನ ಮೊದಲ ಭಾಗ ಪೂರ್ತಿ ಆ ಬೀದಿ ಸೀನು. ನಾವು ಹಾಸ್ಯ ನೋಡುತ್ತಾ ಕೂತಿದ್ದೇವೆ, ಹಿಂದೆ ಏನೋ ಜೋಡಿಸುತ್ತಿದ್ದಾರೆ ಅನ್ನುವುದು ಗೊತ್ತೇ ಆಗುವುದಿಲ್ಲ. ಪರದೆ ಎದ್ದರೆ ಅರಮನೆ ಇಲ್ಲ, ನೆಲಮಾಳಿಗೆ ಇದೆ.

ಆ ಗಂಡ ಮತ್ತು ಈ ಅಪ್ಪ, ಇಬ್ಬರೂ ಒಂದೇ ಥರದ ತೈವಾನ್ ಕೇಕಿನ ಅಂಗಡಿಗೆ ದುಡ್ಡು ಹಾಕಿ ಮುಳುಗಿದವರು. ಒಬ್ಬ ಅರ್ಧ ನೆಲಮಾಳಿಗೆಗೆ ಬಿದ್ದ, ಇನ್ನೊಬ್ಬ ಪೂರ್ತಿ ನೆಲಮಾಳಿಗೆಗೆ. ಆ ಎರಡು ನೆಲಮಾಳಿಗೆಗಳೂ ಒಂದೇ ಭಯದ ಮಕ್ಕಳು. ಉತ್ತರ ಕೊರಿಯಾದ ದಾಳಿಯ ಹೆದರಿಕೆಯಿಂದ ದಕ್ಷಿಣ ಕೊರಿಯಾ 1970ರಲ್ಲಿ ಹೊಸ ಕಟ್ಟಡಗಳಿಗೆ ನೆಲಮಾಳಿಗೆ ಇರಬೇಕು ಅಂತ ಕಾನೂನು ಮಾಡಿತು. ಆಮೇಲೆ ಸೋಲ್‌ನಲ್ಲಿ ಮನೆ ಸಿಗದೆ ಅವನ್ನೇ ಬಾಡಿಗೆಗೆ ಕೊಡಲು ಬಿಟ್ಟರು, ಅದೇ ಬಂಜಿಹಾ. ಸಿರಿವಂತರ ಮನೆಯ ಕೆಳಗಿನ ಬಂಕರ್ ಕೂಡ ಅದೇ ಹೆದರಿಕೆಯದು. 2022ರ ಆಗಸ್ಟ್ ಮಳೆಯಲ್ಲಿ ಸೋಲ್‌ನ ಒಂದು ಬಂಜಿಹಾದಲ್ಲಿ ನೀರು ನುಗ್ಗಿ ಒಂದೇ ಮನೆಯ ಮೂವರು ಸತ್ತರು. ಸಿನಿಮಾದ ಮಳೆ ಅತಿಯಾಯಿತು ಅಂತ ಮೊದಲ ಸಲ ನೋಡಿದಾಗ ಅಂದುಕೊಂಡಿದ್ದೆ, ವಾಪಸ್ ತೆಗೆದುಕೊಂಡೆ.

ಬೆಲ್ ಆದ ಮೇಲೆ ನಡೆಯುವ ಜಗಳ ಯಾರ ಮಧ್ಯೆ ನೋಡಿ. ಪಾರ್ಕ್ ಮನೆಯವರು ಅಲ್ಲಿ ಇಲ್ಲವೇ ಇಲ್ಲ. ಕೆಳಗಿನವರು ಇನ್ನೂ ಕೆಳಗಿನವರ ಜೊತೆ ಕಿತ್ತಾಡುತ್ತಾರೆ. ಅಕ್ಕ ಅಂತ ಹಳೇ ಕೆಲಸದವಳು ಕರೆದರೆ, ನನ್ನನ್ನು ಅಕ್ಕ ಅನ್ನಬೇಡ ಅಂತ ಅಮ್ಮ ಗದರುತ್ತಾಳೆ. ಬಂಕರಿನ ಗಂಡನಿಗಂತೂ ಯಜಮಾನನ ಮೇಲೆ ದೇವರಷ್ಟು ಭಕ್ತಿ, ಫೋಟೋಗೆ ಕೈ ಮುಗಿಯುವುದೊಂದು ಬಾಕಿ. ಅಂದರೆ ಎಲ್ಲರಿಗಿಂತ ಕೆಳಗೆ ಇರುವವನಿಗೆ ಹೊಟ್ಟೆಕಿಚ್ಚು ಇಲ್ಲವೇ ಇಲ್ಲ. ಹತ್ತಿರದಿಂದ ನೋಡಿ, ಒಂದು ದಿನ ಆ ಸೋಫಾ ಮೇಲೆ ಕೂತು ಬಂದವನಿಗೆ ಮಾತ್ರ ಅದು ಹತ್ತುವುದು.

ಕಥೆಯ ಇನ್ನೊಂದು ಲೆಕ್ಕ ಮೆಟ್ಟಿಲು. ಚಿತ್ರತಂಡದವರೇ ಇದನ್ನು ಮೆಟ್ಟಿಲು ಸಿನಿಮಾ ಅಂತ ಕರೆಯುತ್ತಿದ್ದರಂತೆ. ಮೊದಲ ಭಾಗ ಹತ್ತುವುದು, ಎರಡನೆಯದು ಇಳಿಯುವುದು. ಮಳೆಯಲ್ಲಿ ಆ ಮನೆಯಿಂದ ತಪ್ಪಿಸಿಕೊಂಡು ಓಡುತ್ತಾರಲ್ಲ, ಇಳಿಯುತ್ತಾರೆ, ಇಳಿಯುತ್ತಾರೆ, ಇನ್ನೂ ಇಳಿಯುತ್ತಾರೆ, ನೀರೂ ಅವರ ಜೊತೆ ಇಳಿಯುತ್ತದೆ. ಮಾತು ಹೆಚ್ಚೇನೂ ಇಲ್ಲ. ಇವರು ಎಷ್ಟು ಮೇಲೆ ಹತ್ತಿದ್ದರು ಅನ್ನುವುದು ಆಗ ಗೊತ್ತಾಗುತ್ತದೆ. ಆ ಶ್ರೀಮಂತರ ಮನೆ ಕೂಡ ನಿಜವಾದ ಮನೆ ಅಲ್ಲ, ಕಥೆಗೆ ಬೇಕಾದ ಹಾಗೆ ಕಟ್ಟಿದ ಸೆಟ್. ಯಾರು ಎಲ್ಲಿ ಅಡಗಿದರೆ ಯಾರಿಗೆ ಕಾಣುವುದಿಲ್ಲ ಅಂತ ಮೊದಲೇ ಲೆಕ್ಕ ಹಾಕಿದ್ದಾರೆ.

ದೂರು ಇಲ್ಲವಾ? ಇದೆ. ಮೊದಲ ಭಾಗದ ಮೋಸ ತೀರಾ ಸಲೀಸು. ಪೀಚ್ ಹಣ್ಣಿನ ಅಲರ್ಜಿ ಇರುವ ಹಳೇ ಕೆಲಸದವಳಿಗೆ ಆ ಹಣ್ಣಿನ ನುಣುಪು ಕೂದಲು ಉದುರಿಸಿ ಕೆಮ್ಮಿಸಿ, ಕಸದ ಬುಟ್ಟಿಯ ಟಿಶ್ಯೂ ಮೇಲೆ ಖಾರದ ಸಾಸ್ ಹಾಕಿ, ರಕ್ತ ಕಾರುತ್ತಿದ್ದಾಳೆ, ಟಿಬಿ ಅಂತ ನಂಬಿಸುತ್ತಾರೆ. ನೋಡುವಾಗ ಮಜಾ. ಆದರೆ ಡಾಕ್ಟರ್ ಹತ್ತಿರ ಕಳಿಸೋಣ ಅಂತ ಯಜಮಾನಿಗೆ ಒಂದು ಸಲವೂ ಅನ್ನಿಸುವುದಿಲ್ಲವಾ? ಮಗನಿಗೆ ಗೆಳೆಯ ತಂದುಕೊಟ್ಟ ಆ ಅದೃಷ್ಟದ ಕಲ್ಲು ಕೂಡ ನನಗೆ ಜಾಸ್ತಿ ಅನ್ನಿಸಿತು. ಮಗನೇ ಅದನ್ನು ನೋಡಿ ಸಾಂಕೇತಿಕ ಅನ್ನುತ್ತಾನೆ, ಬಾಂಗ್ ನಮ್ಮನ್ನು ನೋಡಿ ಕಣ್ಣು ಹೊಡೆಯುತ್ತಿದ್ದಾರೆ ಸರಿ, ಆದರೂ ಅಷ್ಟು ದಪ್ಪ ಕಲ್ಲಿನಿಂದ ಎರಡು ಸಲ ತಲೆಗೆ ಹೊಡೆಸಿಕೊಂಡು ಬದುಕುವುದು ನಮ್ಮ ಹಳೇ ಆಕ್ಷನ್ ಸಿನಿಮಾಗಳ ಲೆಕ್ಕಕ್ಕೆ ಸೇರಿದ್ದು. ಹೆಸರಿನ ಬಗ್ಗೆ ಒಂದು ಮಾತು. ಪರಾವಲಂಬಿ ಅಂತ ಪಠ್ಯಪುಸ್ತಕ ಹೇಳುತ್ತದೆ, ಊರಲ್ಲಿ ಮಾವಿನ ಮರಕ್ಕೆ ಹತ್ತಿಕೊಂಡರೆ ಬದನಿಕೆ ಅನ್ನುತ್ತಾರೆ. ಕಾರು ಓಡಿಸಲು, ಪಾತ್ರೆ ತೊಳೆಯಲು ಒಬ್ಬೊಬ್ಬರನ್ನು ಇಟ್ಟುಕೊಂಡ ಪಾರ್ಕ್ ಮನೆಯವರು ಮರವೋ ಬದನಿಕೆಯೋ ಅಂತ ರೂಮ್‌ಮೇಟ್ ಜೊತೆ ಅರ್ಧ ಗಂಟೆ ವಾದ ಆಯಿತು, ತೀರ್ಮಾನ ಆಗಲಿಲ್ಲ.

ಈಗ ನಾಲ್ಕನೇ ವಾಸನೆ. ಹುಲ್ಲುಹಾಸಿನ ಮೇಲೆ ಪಾರ್ಟಿ. ಬಂಕರಿನವನು ಹೊರಗೆ ಬಂದು ಮಗಳಿಗೆ ಚಾಕು ಹಾಕಿದ್ದಾನೆ, ಅಪ್ಪ ಅವಳ ಎದೆ ಒತ್ತಿ ಹಿಡಿದುಕೊಂಡು ಕೂತಿದ್ದಾನೆ. ಯಜಮಾನನಿಗೆ ಬೇಕಿರುವುದು ಕಾರಿನ ಕೀ. ಅದು ಅಷ್ಟರಲ್ಲಿ ನೆಲಕ್ಕುರುಳಿದ ಬಂಕರಿನವನ ಮೈ ಕೆಳಗೆ ಬಿದ್ದಿದೆ. ಕೀ ತೆಗೆಯಲು ಬಗ್ಗಿ, ಯಜಮಾನ ಮೂಗು ಹಿಡಿದುಕೊಳ್ಳುತ್ತಾನೆ. ಅಪ್ಪ ಅದನ್ನು ನೋಡುತ್ತಾನೆ. ಎದ್ದು ಹೋಗುತ್ತಾನೆ. ಕೊಲೆಗೆ ಕಾರಣ ಏನು ಅಂತ ಸಿನಿಮಾ ಒಂದು ಮಾತೂ ಹೇಳುವುದಿಲ್ಲ, ಹೇಳಬೇಕಾಗಿಲ್ಲ, ಹಿಂದಿನ ಮೂರು ಸಲ ಹೇಳಿ ಆಗಿದೆ. ಮೂಗು ಹಿಡಿದದ್ದು ಅಪ್ಪನ ವಾಸನೆಗಲ್ಲ, ಬಂಕರಿನವನ ವಾಸನೆಗೆ, ಆದರೂ ಚಾಕು ಎತ್ತಿದವನು ಅಪ್ಪ. ಅಲ್ಲಿಯವರೆಗೆ ಬಂಕರಿನವನನ್ನು ಕಟ್ಟಿ ಹಾಕಿ ಬೈದು ಹೊಡೆದವನು, ಮೊದಲ ಸಲ ಅವನ ಪಕ್ಷಕ್ಕೆ ನಿಂತ. ಆಮೇಲೆ ಅದೇ ಬಂಕರಿಗೆ ಇಳಿದು, ಸತ್ತ ಯಜಮಾನನ ಹತ್ತಿರ ಕ್ಷಮೆ ಬೇರೆ ಕೇಳುತ್ತಾನೆ.

ಕೊನೆಯ ಭಾಗಕ್ಕೆ ನನ್ನ ಪೂರ್ತಿ ಅಂಕ. ಅಪ್ಪ ಬಂಕರಿನಿಂದ ಲೈಟು ಮಿನುಗಿಸಿ ಮೋರ್ಸ್ ಸಂಕೇತದಲ್ಲಿ ಪತ್ರ ಕಳಿಸುತ್ತಾನೆ. ಮಗ ಉತ್ತರ ಬರೆಯುತ್ತಾನೆ. ದುಡ್ಡು ಮಾಡುತ್ತೇನೆ, ತುಂಬಾ ಮಾಡುತ್ತೇನೆ, ಆ ಮನೆ ಕೊಳ್ಳುತ್ತೇನೆ, ನೀವು ಮೆಟ್ಟಿಲು ಹತ್ತಿ ಬಂದರೆ ಸಾಕು. ಕೊಂಡದ್ದನ್ನು, ಅಪ್ಪ ಮೇಲೆ ಬಂದು ತಬ್ಬಿಕೊಂಡದ್ದನ್ನು ಪೂರ್ತಿ ತೋರಿಸುತ್ತಾರೆ. ಆಮೇಲೆ ಕ್ಯಾಮೆರಾ ಮೊದಲ ದೃಶ್ಯದ ಹಾಗೆಯೇ ಅದೇ ಅರ್ಧ ಕಿಟಕಿಯಿಂದ ಕೆಳಗೆ ಇಳಿಯುತ್ತದೆ, ಹುಡುಗ ಪತ್ರ ಹಿಡಿದುಕೊಂಡು ಕೂತಿದ್ದಾನೆ. ಮನೆಯೂ ಇಲ್ಲ, ದುಡ್ಡೂ ಇಲ್ಲ.

ರೂಮ್‌ಮೇಟ್ "ಕೊಂಡ್ಕೋತಾನಾ ಇಲ್ವಾ ಹಂಗಾದ್ರೆ?" ಅಂದ. ನಾನು ಲೆಕ್ಕದ ಮೇಷ್ಟ್ರು ಅಲ್ವಾ, ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ನಮ್ಮದೇ ಲೆಕ್ಕ ಮಾಡಿ ತೋರಿಸಿದೆ. ಆ ಫ್ಯಾನಿನ ಮನೆ ಈಗ ಒಂದೂವರೆ ಕೋಟಿ ಅಂತ ಇಟ್ಟುಕೊಳ್ಳೋಣ. ಪಾಠದಿಂದ ನನಗೆ ತಿಂಗಳಿಗೆ 15,000. ಪೂರ್ತಿ ಎತ್ತಿಟ್ಟರೆ 1,000 ತಿಂಗಳು, ಅಂದರೆ 83 ವರ್ಷ 4 ತಿಂಗಳು. ಅವನು ಹಾಳೆ ಕಡೆ ನೋಡಿ, "ಊಟ?" ಅಂದ. ಊಟ, ರೂಮ್ ಬಾಡಿಗೆ, ಎರಡನ್ನೂ ಹಾಕಿರಲಿಲ್ಲ.