ರಿಪೇರಿಯವನಿಲ್ಲದ ಊರಿಗೆ ಯಾವ ಎಲೆಕ್ಟ್ರಿಕ್ ಗಿಟಾರ್?

ಕೈಯಲ್ಲಿದ್ದದ್ದು 16,000 ರೂಪಾಯಿ. ಗಿಟಾರ್, ಅದರ ನಾದ ದೊಡ್ಡದು ಮಾಡುವ ಆ್ಯಂಪ್, ವೈರು, ತಂತಿ ಎಲ್ಲ ಅದರೊಳಗೇ ಮುಗಿಯಬೇಕು. ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವ. ಇಪ್ಪತ್ತು ವರ್ಷದಿಂದ ಓಣಿಯ ಭಜನೆಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತೇನೆ. ಮೂವತ್ತೆಂಟರ ವಯಸ್ಸಿನಲ್ಲಿ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹಿಡಿದಾಗ ಮನೆಯಾಕೆ ಕೇಳಿದ್ದು ಇಷ್ಟೇ: “ಅಲ್ರೀ, ಪೇಟಿಗಿ ಗಾಳಿ ಸಾಕಾಗ್ತಿತ್ತು. ಇದಕ್ಕ ಕರೆಂಟೂ ಬೇಕು, ರೊಕ್ಕನೂ ಬೇಕು. ಏನ್ ನಡಸೀರಿ ನೀವು?”

ಈ ವಿಷಯದಲ್ಲಿ ಸಿಗುವ ಸಲಹೆಗಳೆಲ್ಲ ಬೆಂಗಳೂರು, ಮುಂಬೈಯವರಿಗೆ ಹೇಳಿ ಮಾಡಿಸಿದಂಥವು. “ತಗೊಂಡ ಮೇಲೆ ಒಮ್ಮೆ ಸೆಟಪ್ ಮಾಡಿಸಿಬಿಡಿ” ಅಂತ ಕೈತೊಳೆದುಕೊಳ್ಳುತ್ತಾರೆ. ಸೆಟಪ್ ಅಂದರೆ ಗಿಟಾರನ್ನು ನುಡಿಸಲು ಹದ ಮಾಡಿಸುವುದು. ಮಾಡಿಸುವುದೆಲ್ಲಿ? ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ಸುತ್ತಮುತ್ತ ವಿಚಾರಿಸಿದೆ. ತಬಲಾಕ್ಕೆ ಚರ್ಮ ಹಾಕುವವರು ಸಿಕ್ಕರು, ಪೇಟಿಯ ರೀಡು ತಿದ್ದುವವರು ಸಿಕ್ಕರು, ಎಲೆಕ್ಟ್ರಿಕ್ ಗಿಟಾರಿನ ನೆಕ್, ಅಂದರೆ ಬೆರಳು ಒತ್ತುವ ಉದ್ದನೆಯ ಕತ್ತು, ನೇರ ಮಾಡುವವರು ಸಿಗಲಿಲ್ಲ. ಅದಕ್ಕೆ ಹೈದರಾಬಾದಿನ ರೈಲು ಹತ್ತಬೇಕಂತೆ. ಹಾಗಾಗಿ ನನ್ನ ತಕ್ಕಡಿಯೇ ಬೇರೆಯಾಯಿತು. ಯಾವುದರ ನಾದ ಚಂದ ಅನ್ನುವುದು ಆಮೇಲೆ. ಯಾವುದು ರಿಪೇರಿಯವನ ಮುಖ ನೋಡದೆ ನನ್ನ ಹತ್ತಿರ ಬಾಳುತ್ತದೆ ಅನ್ನುವುದು ಮೊದಲು.

ಈ ಬುದ್ಧಿ ಬಂದದ್ದು ಒಂದು ಸಲ ಕೈ ಸುಟ್ಟುಕೊಂಡ ಮೇಲೆ ಅನ್ನಿ. ಮೊದಲು ತರಿಸಿದ್ದು ಆನ್‌ಲೈನಿನ ಒಂದು ಕಿಟ್. 6,200 ರೂಪಾಯಿಗೆ ಗಿಟಾರ್, ಅಂಗೈಯಗಲದ ಆ್ಯಂಪ್, ಚೀಲ, ಬೆಲ್ಟು, ವೈರು, ತಂತಿ ಮೀಟುವ ಪಿಕ್ಕು. ಹೆಸರು ಬೇಡ, ಇಂಥ ಕಿಟ್ಟುಗಳು ಹತ್ತಾರು ಹೆಸರಲ್ಲಿ ಬರುತ್ತವೆ. ಫೋಟೋದಲ್ಲಿ ಥೇಟ್ ಸ್ಟ್ರಾಟೋಕ್ಯಾಸ್ಟರ್. ಫೆಂಡರ್ ಕಂಪನಿ 1954ರಲ್ಲಿ ಹೊರತಂದ ಆ ಆಕಾರವನ್ನು ನಕಲು ಮಾಡದವರೇ ಇಲ್ಲ. ಆದರೆ ನೆಕ್ಕಿನ ಅಂಚಿನಗುಂಟ ಕೈ ಜಾರಿಸಿದರೆ ತೊಗರಿಕಟ್ಟಿಗೆಯ ಹೊರೆ ತಡವಿದಂತೆ ಚುಚ್ಚುತ್ತಿತ್ತು. ಫ್ರೆಟ್ಟುಗಳ, ಅಂದರೆ ನೆಕ್ಕಿಗೆ ಅಡ್ಡಲಾಗಿ ಹೊಡೆದ ಲೋಹದ ಪಟ್ಟಿಗಳ, ತುದಿಗಳು ಹೊರಗೆ ಚಾಚಿಕೊಂಡಿದ್ದವು. ಇದರಲ್ಲಿ ನಮ್ಮ ಬಿಸಿಲಿನ ಪಾಲೂ ಇದೆ: ಒಣಹವೆಗೆ ನೆಕ್ಕಿನ ಕಟ್ಟಿಗೆ ಕುಗ್ಗುತ್ತದೆ, ಅದರ ಮೇಲೆ ಹೊಡೆದ ಲೋಹ ಕುಗ್ಗುವುದಿಲ್ಲ, ತುದಿ ಹೊರಗೆ ಬೀಳುತ್ತದೆ. ಏಪ್ರಿಲ್-ಮೇ ತಿಂಗಳ ಕಲಬುರಗಿ ಅಂದರೆ ಕೇಳಬೇಕೆ.

ದರ್ಗಾದ ಕಡೆ ಪೇಟಿ ರಿಪೇರಿ ಮಾಡುವ ಚಾಚಾ ಒಬ್ಬರು ನನಗೆ ಹಳೆಯ ಪರಿಚಯ. ಅವರ ಮುಂದೆ ಒಯ್ದಿಟ್ಟೆ. ತಿರುಗಿಸಿ ಮುರುಗಿಸಿ ನೋಡಿ, “ಇದು ನನ್ನ ಕೆಲಸ ಅಲ್ಲ ಬಾಬಾ. ಆದ್ರ ಹಿತ್ತಾಳಿ ಆಗ್ಲಿ, ಉಕ್ಕ ಆಗ್ಲಿ, ಉಜ್ಜಿದ್ರ ಸವೀತದ” ಅಂದರು. ಫ್ರೆಟ್ಟುಗಳ ನಡುವಿನ ಕಟ್ಟಿಗೆಗೆ ಕಾಗದದ ಟೇಪು ಅಂಟಿಸಿ, ರೀಡು ತಿದ್ದುವ ಸಣ್ಣ ಅರದಿಂದ ಒಂದೊಂದೇ ತುದಿಯನ್ನು ಓರೆಯಾಗಿ ಉಜ್ಜಿದರು. ಎರಡೂ ಅಂಚು ಸೇರಿ ನಲವತ್ನಾಲ್ಕು ತುದಿ. ಪ್ರತಿ ನಾಲ್ಕೈದಕ್ಕೊಮ್ಮೆ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರಿ ನೋಡುವರು. ಎರಡು ಚಹಾ ಮುಗಿದವು, 300 ರೂಪಾಯಿ ತಗೊಂಡರು. ಕೈಗೆ ಚುಚ್ಚುವುದು ನಿಂತಿತು. ಮಿಕ್ಕದ್ದು ಮಾತ್ರ ಅವರ ಅರಕ್ಕೂ ಬಗ್ಗಲಿಲ್ಲ. ತಂತಿಗಳು ನೆಕ್ಕಿನ ತಲೆಯ ಹತ್ತಿರ ಹಾದುಬರುವ ನಟ್ ಎಂಬ ಪಟ್ಟಿಯ ಕಚ್ಚುಗಳ ಆಳ ಸಾಲದು. ತಂತಿ ಮೇಲೆ ನಿಂತಿರುವುದರಿಂದ ಮೊದಲ ಫ್ರೆಟ್ಟಿನಲ್ಲಿ ಒತ್ತಿದಾಗ ಎಳೆತ ಹೆಚ್ಚಾಗಿ ಸ್ವರ ಏರುತ್ತದೆ. ಖುಲ್ಲಾ ತಂತಿ ಶ್ರುತಿಯಲ್ಲಿದ್ದರೂ ಎಫ್ ಕಾರ್ಡ್ ಎಂಬ ಸ್ವರಗುಚ್ಛ ಹಿಡಿದರೆ ಅಪಸ್ವರ. ಪೇಟಿಯ ಕಿವಿಗೆ ಇದು ಹಲ್ಲಿನಲ್ಲಿ ಉಸುಕು ಸಿಕ್ಕಂತೆ. ಕೊನೆಗೆ ಎಲ್ಲ ದೋಷ ಬಾಯಿಬಿಟ್ಟು ಹೇಳಿಯೇ ಇಡೀ ಕಿಟ್ಟನ್ನು 4,000ಕ್ಕೆ ಒಬ್ಬ ಹುಡುಗನಿಗೆ ಕೊಟ್ಟೆ. ಖಾತೆಯಲ್ಲಿ 2,500 ಲುಕ್ಸಾನು ಬರೆದುಕೊಂಡೆ. ಉಳಿದದ್ದು 13,500.

ಎರಡನೇ ಸಲ ಹೊಡೆತ ತಿನ್ನಬಾರದು ಅಂತ ಮೂರು ಗಿಟಾರುಗಳನ್ನು ಎರಡು ದಿನ ಮನೆಯ ಫರಸಿಕಲ್ಲಿನ ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿದೆ. ಬೀದರಿನ ಸೋದರಮಾವನ ಮಗನ ಯಮಹಾ ಪೆಸಿಫಿಕಾ 012. ಆರ್ಕೆಸ್ಟ್ರಾದಲ್ಲಿ ನುಡಿಸುವ ಗೆಳೆಯನ ಐಬನೀಜ್ ಜಿಯೊ ಜಿಆರ್‌ಜಿ121ಡಿಎಕ್ಸ್. ಮೂರನೆಯದು ಸ್ಕ್ವೈರ್ ಬುಲೆಟ್ ಸ್ಟ್ರಾಟ್, ಹಾರ್ಡ್‌ಟೇಲ್, ಅಂದರೆ ತಂತಿಗಳ ಕೆಳತುದಿ ಹಿಡಿಯುವ ಬ್ರಿಡ್ಜ್ ಅಲುಗದ್ದು. ಸೇಡಂ ರಸ್ತೆಯ ರೂಮಿನಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ಹುಡುಗನೊಬ್ಬ 8,500ಕ್ಕೆ ಮಾರಲಿಟ್ಟಿದ್ದು. ಎರಡು ಸಾವಿರ ಅಡ್ವಾನ್ಸ್ ಕೊಟ್ಟು ಪರೀಕ್ಷೆಗೆ ಇಟ್ಟುಕೊಂಡೆ. ಮೂರಕ್ಕೂ 9ರ ಸೆಟ್ಟಿನ, ಅಂದರೆ ತೆಳು ಅಳತೆಯ ತಂತಿ; ಆ್ಯಂಪ್ ಒಂದೇ, ಗೆಳೆಯನದು. ನಟ್ಟಿನಿಂದ ಬ್ರಿಡ್ಜಿನವರೆಗೆ ತಂತಿಯ ಉದ್ದವೂ ಮೂರರದು ಒಂದೇ, 648 ಮಿಲಿಮೀಟರ್. ಹಾಗಾಗಿ ಬೆರಳಿಗೆ ತಂತಿ ಬಿಗಿ ಅನ್ನಿಸಿದರೆ ಅಳತೆಯ ಮೇಲೆ ತಪ್ಪು ಹೊರಿಸುವಂತಿರಲಿಲ್ಲ.

ನಿಜವಾದ ವ್ಯತ್ಯಾಸ ಬ್ರಿಡ್ಜಿನಲ್ಲಿತ್ತು. ಪೆಸಿಫಿಕಾದ್ದು ಟ್ರೆಮೊಲೊ ಬ್ರಿಡ್ಜ್. ಒಂದು ಕಡೆ ಆರು ತಂತಿಗಳ ಎಳೆತ, ಇನ್ನೊಂದು ಕಡೆ ಗಿಟಾರಿನ ಬೆನ್ನೊಳಗಿನ ಸ್ಪ್ರಿಂಗುಗಳ ಎಳೆತ. 9ರ ಸೆಟ್ಟಿನ ಆರೂ ತಂತಿ ಸೇರಿ ಸುಮಾರು 38 ಕೆಜಿ ಎಳೆಯುತ್ತವೆ, ಅಂದರೆ ನಮ್ಮ ಮಿಲ್ಲಿನ 50 ಕೆಜಿ ಬೇಳೆ ಚೀಲದ ಮುಕ್ಕಾಲು ಭಾಗ. ಬ್ರಿಡ್ಜಿಗೆ ಸಿಕ್ಕಿಸಿದ ಸರಳು ಹಿಡಿದು ಅದುಮಿದರೆ ಬ್ರಿಡ್ಜ್ ಬಾಗಿ ಸ್ವರ ಓಲಾಡುತ್ತದೆ. ಚಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಈ ತಕ್ಕಡಿಯ ಒಂದು ತಟ್ಟೆ ಮುಟ್ಟಿದರೆ ಇನ್ನೊಂದು ಅಲುಗಲೇಬೇಕಲ್ಲ. ಮಧ್ಯಾಹ್ನದ ಸೆಖೆಗೆ ಮೂರೂ ಗಿಟಾರುಗಳ ಶ್ರುತಿ ಇಳಿದಿತ್ತು, ಉಕ್ಕಿನ ತಂತಿ ಕಾದರೆ ಹಿಗ್ಗುತ್ತದೆ. ಐಬನೀಜ್ ಮತ್ತು ಸ್ಕ್ವೈರ್ ಎರಡರದೂ ಅಲುಗದ ಬ್ರಿಡ್ಜ್, ಬಿರಡೆ ತಿರುವಿ ಒಂದು ನಿಮಿಷದಲ್ಲಿ ಸರಿ ಮಾಡಿದೆ. ಪೆಸಿಫಿಕಾದಲ್ಲಿ ದಪ್ಪ ಇ ತಂತಿ ಏರಿಸಿದರೆ ಉಳಿದವು ಒಂದಿಷ್ಟು ಇಳಿದವು. ಅವನ್ನು ಏರಿಸಿದರೆ ಇ ಮತ್ತೆ ಇಳಿಯಿತು. ಮೂರು ಸುತ್ತು ಬೇಕಾಯಿತು. ಇದು ಆ ಗಿಟಾರಿನ ದೋಷವಲ್ಲ, ಆ ಜಾತಿಯ ಬ್ರಿಡ್ಜುಗಳ ಸ್ವಭಾವವೇ ಹಾಗೆ. ಒಂದು ತಂತಿ ಕಡಿದರಂತೂ ಸ್ಪ್ರಿಂಗ್ ಗೆದ್ದು ಉಳಿದ ಐದೂ ಮೇಲೇರಿ ಕೂಡುತ್ತವೆ. ಭಜನೆಯ ನಡುವೆ ಹಾಗಾದರೆ ಮುಗಿಯಿತು ಕಥೆ.

ಪರಿಹಾರ ಇಲ್ಲದೇ ಇಲ್ಲ. ಬೆನ್ನಿನ ಮುಚ್ಚಳ ತೆಗೆದು ಸ್ಪ್ರಿಂಗ್ ಹಿಡಿದಿರುವ ಎರಡು ಉದ್ದ ಸ್ಕ್ರೂ ಬಿಗಿ ಮಾಡಿದರೆ ಬ್ರಿಡ್ಜ್ ಮೈಗೆ ಅಂಟಿ ಕೂತುಬಿಡುತ್ತದೆ, ಬಹುಮಟ್ಟಿಗೆ ಅಲುಗದ ಬ್ರಿಡ್ಜಿನಂತೆಯೇ ವರ್ತಿಸುತ್ತದೆ. ಗಿಟಾರಿನ ಒಡೆಯ, ಬೀದರಿನ ಆ ತಮ್ಮ, ಒಪ್ಪಲಿಲ್ಲ: “ಅಣ್ಣಾ, ಆ ಸರಳ ಅಲ್ಲಾಡಸ್ಲಿಕ್ಕೇ ಅದನ್ನ ತಗೊಂಡೀನಿ, ಅದಕ್ಕ ಕೈ ಹಚ್ಚಬ್ಯಾಡ.” ಅವನ ಮಾತೂ ಸರಿಯೇ. ಸ್ವಂತ ಗಿಟಾರ್ ಆಗಿದ್ದರೆ ನಾನು ಮೊದಲ ದಿನವೇ ಬಿಗಿ ಮಾಡಿರುತ್ತಿದ್ದೆ.

ನಾದದ ವಿಚಾರಕ್ಕೆ ಬಂದರೆ ಪೆಸಿಫಿಕಾ ಮುಂದಿತ್ತು, ಒಪ್ಪಿಕೊಳ್ಳಬೇಕು. ತಂತಿಯ ಕೆಳಗಿರುವ ಪಿಕಪ್ ಅಂದರೆ ಆಯಸ್ಕಾಂತಕ್ಕೆ ಕೂದಲಿಗಿಂತ ತೆಳ್ಳನೆಯ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ್ದು. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಿ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದನ್ನೇ ಆ್ಯಂಪ್ ದೊಡ್ಡದು ಮಾಡುವುದು. ಒಂದೇ ಸುರುಳಿಯದಾದರೆ ನಾದ ತಿಳಿ, ಗಂಟೆ ಬಾರಿಸಿದಂತೆ. ಆದರೆ ಆ ಸುರುಳಿ ಮನೆಯ ಕರೆಂಟಿನ 50 ಹರ್ಟ್ಜ್ ಗುಂಯ್‌ಗುಡುವಿಕೆಯನ್ನೂ ಹಿಡಿದುಕೊಳ್ಳುತ್ತದೆ. ಗಿಬ್ಸನ್ ಕಂಪನಿಯ ಸೆಥ್ ಲವರ್ ಎಂಬ ಎಂಜಿನಿಯರ್ 1955ರಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡ. ಪಕ್ಕಪಕ್ಕ ಎರಡು ಸುರುಳಿ, ಒಂದಕ್ಕೊಂದು ಉಲ್ಟಾ. ಗುಂಯ್‌ ಒಂದನ್ನೊಂದು ಅಳಿಸಿಹಾಕುತ್ತದೆ, ತಂತಿಯ ನಾದ ಉಳಿಯುತ್ತದೆ. ಅದೇ ಹಂಬಕರ್. ಐಬನೀಜ್‌ನಲ್ಲಿ ಎರಡೂ ಹಂಬಕರ್, ಸ್ಕ್ವೈರ್‌ನಲ್ಲಿ ಮೂರೂ ಒಂಟಿ ಸುರುಳಿ, ಪೆಸಿಫಿಕಾದಲ್ಲಿ ಬ್ರಿಡ್ಜಿನ ಹತ್ತಿರ ಒಂದು ಹಂಬಕರ್ ಮತ್ತು ಎರಡು ಒಂಟಿ. ಬೇಕಾದ್ದು ಆರಿಸಿಕೋ ಅನ್ನುವ ಅನುಕೂಲ ಪೆಸಿಫಿಕಾದಲ್ಲೇ ಹೆಚ್ಚು.

ಐಬನೀಜ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ತೆಳ್ಳಗಿನ ಚಪ್ಪಟೆ ನೆಕ್, 24 ಫ್ರೆಟ್, ಅಲುಗದ ಬ್ರಿಡ್ಜ್, ಗುಂಯ್‌ಗಾಟ ಇಲ್ಲ. ಜೋರು ಡಿಸ್ಟಾರ್ಷನ್ ಹಾಕಿ, ಅಂದರೆ ನಾದ ಒರಟು ಮಾಡಿ, ನುಡಿಸುವವರು ಬೇರೆ ಕಡೆ ನೋಡುವುದೇ ಬೇಡ. ನೆಕ್ಕಿನ ಮೇಲಿನ ಶಾರ್ಕ್ ಹಲ್ಲಿನಂಥ ತ್ರಿಕೋನ ಗುರುತು ನೋಡಿ ನನ್ನ ಮಗ “ಪಪ್ಪಾ, ಇದೇ ತಗೋ” ಅಂತ ಎರಡು ದಿನ ಗಂಟುಬಿದ್ದ. ಗೆಳೆಯ ಹೇಳಿದ ಪ್ರಕಾರ ಹೊಸದು ಇಪ್ಪತ್ತು ಸಾವಿರದ ಆಸುಪಾಸು. ನನ್ನ ಖಾತೆಗೆ ದಕ್ಕುವಂಥದ್ದಲ್ಲ, ಅಲ್ಲಿಗೆ ಮಾತು ಮುಗಿಯಿತು.

ಉಳಿದದ್ದು ಸ್ಕ್ವೈರ್. ಇದು ಫೆಂಡರ್‌ನ ಅಗ್ಗದ ಹೆಸರು. ತಂತಿ ಮಾಡುತ್ತಿದ್ದ ಸ್ಕ್ವೈರ್ ಕಂಪನಿಯನ್ನು ಫೆಂಡರ್ 1965ರಲ್ಲಿ ಕೊಂಡಿತ್ತು, 1982ರಿಂದ ಆ ಹೆಸರಲ್ಲಿ ಗಿಟಾರ್ ಬಿಡತೊಡಗಿತು. ಬುಲೆಟ್ ಸಾಲನ್ನು ಈಗ ನಿಲ್ಲಿಸಿದ್ದಾರೆ. 2023ರಲ್ಲಿ ಅದರ ಜಾಗಕ್ಕೆ ಸೋನಿಕ್ ಬಂತು. ಹಾಗಾಗಿ ಬುಲೆಟ್ ಬೇಕೆಂದರೆ ಹಳೆಯದನ್ನೇ ಹುಡುಕಬೇಕು. ನನ್ನಂಥವನಿಗೆ ಅದು ಲಾಭವೇ. ಹಳೆಯ ಗಿಟಾರ್ ಎರಡು ಬೇಸಿಗೆ, ಎರಡು ಮಳೆಗಾಲ ನಮ್ಮ ಊರಿನಲ್ಲೇ ಕಳೆದಿದೆ ಅಂದರೆ ಕಟ್ಟಿಗೆ ಏನು ಆಟ ಆಡಬೇಕೋ ಬಹುಪಾಲು ಆಡಿ ಮುಗಿಸಿರುತ್ತದೆ. ಬಡಿಗೇರ ಹಲಗೆ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೆಕ್ಕಿನ ಉದ್ದಕ್ಕೆ ನೋಡಿದೆ, ಸೊಟ್ಟ ಇರಲಿಲ್ಲ. ಆರೂ ತಂತಿಯನ್ನು 21 ಫ್ರೆಟ್ಟಿನಲ್ಲೂ ಒಂದೊಂದಾಗಿ ಒತ್ತಿ ಮೀಟಿದೆ, 126 ಸ್ವರ. ಮನೆಯಾಕೆ ಅಡುಗೆಮನೆಯಿಂದಲೇ “ಬಾರಾಖಡಿ ಮುಗೀತೇನ್ರಿ?” ಅಂದಳು. ಒಂದೆರಡು ಕಡೆ ಮಾತ್ರ ಫ್ರೆಟ್ಟಿಗೆ ತಾಗಿ ಝರ್ ಅಂದಿತು.

ಅದನ್ನು ನಾನೇ ಸರಿ ಮಾಡಿದೆ. ಮಗನ ಕಂಪಾಸ್ ಪೆಟ್ಟಿಗೆಯ ಉಕ್ಕಿನ ಸ್ಕೇಲು, ಒಂದು ಅಲೆನ್ ಕೀ, ಒಂದು ಸ್ಕ್ರೂಡ್ರೈವರ್, ಇಷ್ಟೇ ಸಾಮಾನು. 12ನೇ ಫ್ರೆಟ್ಟಿನ ಮೇಲೆ ದಪ್ಪ ತಂತಿ ಎಷ್ಟು ಎತ್ತರ ಇದೆ ಅಂತ ಅಳೆಯಬೇಕು. 2 ಮಿಲಿಮೀಟರ್ ಸುಮಾರಿಗೆ ತಂದೆ. ಪ್ರತಿ ತಂತಿಗೂ ಬ್ರಿಡ್ಜಿನಲ್ಲಿ ಅದರದೇ ಸಣ್ಣ ಕಬ್ಬಿಣದ ಆಸನ, ಆಸನಕ್ಕೆ ಎರಡು ಪುಟ್ಟ ಸ್ಕ್ರೂ. ಆಮೇಲೆ 12ನೇ ಫ್ರೆಟ್ಟಿನ ಮೇಲೆ ಬೆರಳು ತಾಗಿಸಿ ಬಿಟ್ಟಾಗ ಬರುವ ಸ್ವರಕ್ಕೂ ಅಲ್ಲೇ ಒತ್ತಿ ಮೀಟಿದ ಸ್ವರಕ್ಕೂ ತಾಳೆ ನೋಡುವುದು. ಒತ್ತಿದ್ದು ಏರಿದ್ದರೆ ಆಸನವನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಪೇಟಿಯಲ್ಲಿ ಸ್ವರ ತಪ್ಪಿದರೆ ಚಾಚಾನ ಮನೆಗೆ ಹೋಗಲೇಬೇಕು. ಇಲ್ಲಿ ಸ್ಕ್ರೂಡ್ರೈವರ್ ಸಾಕು. ಅಲುಗದ ಬ್ರಿಡ್ಜಿನಲ್ಲಿ ಒಂದು ಆಸನ ಮುಟ್ಟಿದರೆ ಉಳಿದ ಐದು ತಂಟೆ ಮಾಡುವುದಿಲ್ಲ. ನಾನು ಇದರ ಕಡೆ ವಾಲಿದ್ದು ಅಲ್ಲಿಯೇ. ನೆಕ್ಕಿನ ಬಾಗು ತಿದ್ದಲು ಅದರೊಳಗೊಂದು ಸರಳು ಇರುತ್ತದೆ, ಅದನ್ನು ತಿರುವುವ ಪ್ರಮೇಯ ಬರಲಿಲ್ಲ. ಬಂದರೂ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುವಬಾರದು.

8,500 ಕೊಟ್ಟ ಮೇಲೆ ಉಳಿದ 5,000ದಲ್ಲಿ 10 ವಾಟಿನ ಆ್ಯಂಪ್ 3,800, ಹೊಸ ತಂತಿ 600, ವೈರು 400. ಹೊಸ ಪೆಸಿಫಿಕಾ ತಗೊಂಡಿದ್ದರೆ ಆ್ಯಂಪಿಗೆ ದುಡ್ಡೇ ಇರುತ್ತಿರಲಿಲ್ಲ, ಮೊಬೈಲಿಗೆ ಸಿಕ್ಕಿಸಿ ಇಯರ್‌ಫೋನಿನಲ್ಲಿ ಕೇಳಬೇಕಿತ್ತು. ಆ್ಯಂಪಿಗೆ ಇಟ್ಟ ದುಡ್ಡು ಗಿಟಾರಿಗೆ ಇಟ್ಟಂತೆಯೇ ಅಂತ ಈಗ ಗೊತ್ತಾಗಿದೆ.

ಇಷ್ಟಾದ ಮೇಲೂ ಒಂಟಿ ಸುರುಳಿಯ ಗುಂಯ್‌ ಇತ್ತಲ್ಲ, ಅದು ಕಾಡಿತು. ತಂತಿ ಮುಟ್ಟಿದಾಗ ತಗ್ಗುವುದು, ಕೈ ಬಿಟ್ಟಾಗ ಎದ್ದು ನಿಲ್ಲುವುದು. ಫ್ಯಾನಿನ ರೆಗ್ಯುಲೇಟರ್ ತಿರುವಿದರೆ ಅದರ ಮೇಲೊಂದು ಝೀಂಯ್. “ಅದು ಗಿಟಾರ್ ಅದನೋ ಟ್ರಾನ್ಸ್‌ಫಾರ್ಮರ್ ಅದನೋ?” ಎಂದಳು ಮನೆಯಾಕೆ. ಪಿಕಪ್ಪಿನ ಹಣೆಬರಹ ಅಂತ ಸುಮ್ಮನಾಗುವವನಿದ್ದೆ. ಒಂದು ದಿನ ಆ್ಯಂಪನ್ನು ಅಡುಗೆಮನೆಯ ಫ್ರಿಜ್ಜಿನ ಸಾಕೆಟ್ಟಿಗೆ ಹಾಕಿದೆ, ಗುಂಯ್‌ ಅರ್ಧಕ್ಕರ್ಧ ಇಳಿಯಿತು. ಪಡಸಾಲೆಯ ಸಾಕೆಟ್ಟಿಗೆ ಮೂರು ತೂತು ಇದ್ದರೂ ಮೇಲಿನ ದೊಡ್ಡ ತೂತಿನ ಹಿಂದೆ ಅರ್ಥಿಂಗ್ ವೈರೇ ಕೂಡಿಸಿರಲಿಲ್ಲ; ಮನೆ ಕಟ್ಟಿದಾಗಿನಿಂದ ಹಾಗೇ ಇತ್ತಂತೆ. ಓಣಿಯ ವೈರ್‌ಮನ್ ಬಂದು ಬೋರ್ಡು ಬಿಚ್ಚಿ, ಹಸಿರು ವೈರು ಎಳೆದು ಕೂಡಿಸಿದ. ಖಾತೆಯಲ್ಲಿ ಉಳಿದಿದ್ದ 200 ರೂಪಾಯಿ ಅವನಿಗೆ ಹೋಯಿತು.